ದಾವಣಗೆರೆಯಲ್ಲಿ ಬದಲಿ ಟೀಚರ್ ಏಜೆನ್ಸಿಗಳು: ದುಡ್ಡಿಗೆ ತಕ್ಕ ಕೆಲಸ ಎಲ್ಲಿ ಆಗುತ್ತದೆ, ಎಲ್ಲಿ ಕೈ ಕೊಡುತ್ತದೆ

"ಸೈನ್ಸ್ ಟೀಚರ್ ಒಬ್ಬರು ಬೇಕಾಗಿತ್ತು" ಅಂತ ಏಜೆನ್ಸಿಗೆ ಫೋನ್ ಮಾಡಿದಾಗ ಆ ಕಡೆಯಿಂದ ಬರುವ ಮೊದಲ ಪ್ರಶ್ನೆಯಲ್ಲೇ ಅರ್ಧ ವಿಮರ್ಶೆ ಮುಗಿಯುತ್ತದೆ. "ಸಂಬಳ ಎಷ್ಟು ಕೊಡ್ತೀರಿ ಸರ್?" ಅಂದರೆ ಅದು ಬಯೋಡೇಟಾ ಮಾರುವ ಅಂಗಡಿ. "ಪಿ.ಸಿ.ಎಂ. ಬೇಕಾ, ಸಿ.ಬಿ.ಝಡ್. ಬೇಕಾ? ಕನ್ನಡ ಮೀಡಿಯಮ್ಮಾ? ಪಾಠ ಎಲ್ಲಿಗೆ ನಿಂತಿದೆ?" ಅಂದರೆ ಮಾತು ಮುಂದುವರಿಸಬಹುದು. (ಪಿ.ಸಿ.ಎಂ. ಅಂದರೆ ಪದವಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು; ಸಿ.ಬಿ.ಝಡ್. ಅಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದವರು.)

ಇದು ಒಂದೇ ಏಜೆನ್ಸಿಯ ವಿಮರ್ಶೆಯಲ್ಲ, ಊರಿನಲ್ಲಿ ಖಾಸಗಿ ಶಾಲೆಗಳಿಗೆ ಸಿಗುವ ಈ ಸೇವೆಯದ್ದು. ಹೆರಿಗೆ ರಜೆ, ಆಪರೇಷನ್, ಬಿ.ಇಡಿ. ಪರೀಕ್ಷೆ, ವರ್ಷದ ನಡುವೆ ಕೆಲಸ ಬಿಟ್ಟು ಹೋಗುವುದು ಇಂಥ ಸಂದರ್ಭಗಳಲ್ಲಿ ಆಡಳಿತ ಮಂಡಳಿ ಏಜೆನ್ಸಿಯ ಬಾಗಿಲು ತಟ್ಟುತ್ತದೆ. ಸರ್ಕಾರಿ ಶಾಲೆಗೆ ಈ ದಾರಿಯೇ ಇಲ್ಲ. ಅಲ್ಲಿ ಇಲಾಖೆ ಮಂಜೂರು ಮಾಡಿದ ಅತಿಥಿ ಶಿಕ್ಷಕರನ್ನು ಶಾಲೆಯ ಹಂತದಲ್ಲೇ ತೆಗೆದುಕೊಳ್ಳುತ್ತಾರೆ. 2025ರ ಬಜೆಟ್‌ನಲ್ಲಿ 2,000 ರೂಪಾಯಿ ಏರಿಸಿದ ಮೇಲೆ ಗೌರವಧನ ಪ್ರಾಥಮಿಕಕ್ಕೆ 12,000, ಪ್ರೌಢಶಾಲೆಗೆ 12,500. ಈ ಅಂಕಿ ಖಾಸಗಿಯವರಿಗೂ ಮುಖ್ಯ, ಯಾಕೆ ಅಂತ ಮುಂದೆ ಬರುತ್ತದೆ.

ಮೊದಲು ತಿಳಿದಿರಬೇಕಾದ್ದು: ಏಜೆನ್ಸಿಗಳ ಹೊಟ್ಟೆಪಾಡು ಏಪ್ರಿಲ್‌ನಿಂದ ಜೂನ್‌ವರೆಗಿನ ಕಾಯಂ ನೇಮಕಾತಿಯದ್ದು. ಬದಲಿ ಶಿಕ್ಷಕರು ಅವರಿಗೆ ಪಕ್ಕದ ವ್ಯಾಪಾರ. ಫೀಸು, ಕರಾರು, ರಿಪ್ಲೇಸ್‌ಮೆಂಟ್ ಎಲ್ಲವನ್ನೂ ಕಾಯಂ ಕೆಲಸದ ಅಳತೆಗೆ ಹೊಲಿದಿರುತ್ತಾರೆ, ಅದನ್ನೇ ಆರು ತಿಂಗಳ ಕೆಲಸಕ್ಕೆ ತೊಡಿಸುತ್ತಾರೆ. ಎಡವಟ್ಟುಗಳ ಮೂಲ ಹೆಚ್ಚಾಗಿ ಇಲ್ಲೇ ಇದೆ.

ಫೀಸನ್ನೇ ನೋಡಿ. ಕಾಗದದಲ್ಲಿ "ವಾರ್ಷಿಕ ಸಂಬಳದ ಶೇ. 8.33" ಅಂತ ಇರುತ್ತದೆ. ಕೇಳಲು ಸಣ್ಣದು, ಆದರೆ ಅದು ಸರಿಯಾಗಿ ಒಂದು ತಿಂಗಳ ಸಂಬಳ. ಲೆಕ್ಕಕ್ಕೆ ತಿಂಗಳಿಗೆ 18,000 ಅಂತ ಇಟ್ಟುಕೊಳ್ಳಿ. ಫೀಸು 18,000, ಅದರ ಮೇಲೆ ಶೇ. 18 ಜಿ.ಎಸ್.ಟಿ. 3,240, ಒಟ್ಟು 21,240. ಹೆರಿಗೆ ರಜೆಯ 26 ವಾರಕ್ಕೆ, ಅಂದರೆ ಆರು ತಿಂಗಳಿಗೆ, ಬದಲಿಯವರಿಗೆ ಕೊಡುವ ಸಂಬಳವೇ 1,08,000. ಅದರ ಐದನೇ ಒಂದು ಪಾಲು ಹುಡುಕಿಕೊಟ್ಟವರಿಗೆ ಹೋಯಿತು. ಎರಡೇ ತಿಂಗಳ ರಜೆಯಾದರೆ 36,000 ಸಂಬಳಕ್ಕೆ ಅದೇ 21,240. ಇದು ಕುದುರೆಯ ಅರ್ಧ ಬೆಲೆಗಿಂತ ಲಗಾಮು ದುಬಾರಿ ಅನ್ನುವ ಲೆಕ್ಕ. ಆ ಜಿ.ಎಸ್.ಟಿ. ವಾಪಸ್ ಬರುವುದೂ ಇಲ್ಲ. ಶಾಲೆಯ ಬೋಧನಾ ಶುಲ್ಕಕ್ಕೆ ತೆರಿಗೆ ಇಲ್ಲದ ಕಾರಣ ಶಾಲೆ ಕಟ್ಟಿದ ತೆರಿಗೆಯನ್ನು ಹೊಂದಿಸಿಕೊಳ್ಳಲು ದಾರಿಯಿಲ್ಲ. ಶಾಲೆ ಪಡೆಯುವ ಸಾರಿಗೆ, ಊಟ, ಸೆಕ್ಯುರಿಟಿ, ಸ್ವಚ್ಛತೆಯ ಸೇವೆಗಳಿಗೆ ವಿನಾಯಿತಿ ಇದೆ, ಸಿಬ್ಬಂದಿ ಒದಗಿಸುವುದಕ್ಕೆ ಇಲ್ಲ. ವರ್ಷಕ್ಕೆ 20 ಲಕ್ಷ ವಹಿವಾಟು ದಾಟದ ಏಜೆನ್ಸಿ ಜಿ.ಎಸ್.ಟಿ. ನೋಂದಣಿ ಮಾಡಿಸಬೇಕಿಲ್ಲ. ನೋಂದಣಿಯೇ ಇಲ್ಲದವರು ಬಿಲ್ಲಿನಲ್ಲಿ ಶೇ. 18 ಸೇರಿಸಿದ್ದರೆ ನಂಬರ್ ಕೇಳಿ, ಬಿಲ್ ತಾನಾಗಿ ಇಳಿಯುತ್ತದೆ.

ಚೌಕಾಸಿಗೆ ಜಾಗ ಇದೆ. "8.33 ಇರಲಿ, ಆದರೆ ವರ್ಷದ ಸಂಬಳದ ಮೇಲಲ್ಲ, ಕರಾರಿನ ಒಟ್ಟು ಸಂಬಳದ ಮೇಲೆ" ಅನ್ನಿ. 1,08,000ಕ್ಕೆ ಅದು ಸುಮಾರು 9,000 ಆಗುತ್ತದೆ. ಅರ್ಧ ಸೇರಿದ ದಿನ, ಇನ್ನರ್ಧ 60 ದಿನ ದಾಟಿದ ಮೇಲೆ. ಇದಕ್ಕೆ ಒಪ್ಪದವರಿಗೆ ತಾವು ಕಳಿಸುವವರ ಮೇಲೆ ತಮಗೇ ನಂಬಿಕೆ ಇಲ್ಲ.

ಇನ್ನೊಂದು ಬಗೆ ಹೊರಗುತ್ತಿಗೆ. ಶಿಕ್ಷಕರು ಏಜೆನ್ಸಿಯ ಪಟ್ಟಿಯಲ್ಲಿರುತ್ತಾರೆ, ಶಾಲೆ ತಿಂಗಳ ಬಿಲ್ ಕಟ್ಟುತ್ತದೆ. 18,000 ಸಂಬಳ, ಶೇ. 10 ಸೇವಾಶುಲ್ಕ 1,800, ಒಟ್ಟು 19,800ರ ಮೇಲೆ ಜಿ.ಎಸ್.ಟಿ. 3,564, ಅಂದರೆ ತಿಂಗಳಿಗೆ 23,364. ಆರು ತಿಂಗಳಿಗೆ ಹೆಚ್ಚುವರಿ 32,184. ಪಾಠ ಮಾಡುವವರ ಕೈಗೆ 18,000 ಪೂರ್ತಿ ಸೇರಿತಾ ಅನ್ನುವುದು ಬೇರೆ ಪ್ರಶ್ನೆ. ಪ್ರತಿ ತಿಂಗಳು ಬ್ಯಾಂಕ್ ಜಮಾ ಚೀಟಿ ತೋರಿಸಬೇಕು ಅನ್ನುವ ಷರತ್ತು ಕರಾರಿನಲ್ಲಿರಲಿ. ಸಂಬಳ ಕಡಿಮೆ ಸಿಕ್ಕವರು ಜಗಳ ಆಡುವುದಿಲ್ಲ, ಒಂದು ಸೋಮವಾರ ಬರುವುದನ್ನೇ ನಿಲ್ಲಿಸುತ್ತಾರೆ.

ಖರ್ಚಿನ ಮಾತಿನಲ್ಲಿ ಹಲವು ಆಡಳಿತ ಮಂಡಳಿಗಳು ಮರೆಯುವ ಸಂಗತಿಯೊಂದಿದೆ. ಶಾಲೆ ಇ.ಎಸ್.ಐ. (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿದ್ದು, ರಜೆ ಹೋಗುವ ಮೇಡಂ ಸಂಬಳ 21,000ದೊಳಗಿದ್ದು, ವಂತಿಗೆ ಸರಿಯಾಗಿ ಕಟ್ಟಿದ್ದರೆ ಹೆರಿಗೆ ರಜೆಯ ವೇತನ ಕೊಡುವುದು ಇ.ಎಸ್.ಐ. ನಿಗಮ. ಆ ತಿಂಗಳುಗಳ ಸಂಬಳದ ದುಡ್ಡು ಶಾಲೆಯಲ್ಲೇ ಉಳಿಯುತ್ತದೆ. "ಇಬ್ಬರಿಗೆ ಸಂಬಳ ಕೊಡಕ್ಕಾಗಲ್ಲ" ಅಂತ ಅಗ್ಗದ ಬದಲಿಯನ್ನು ಹುಡುಕುವ ಮೊದಲು ಗುಮಾಸ್ತರ ಹತ್ತಿರ ವಂತಿಗೆಯ ಚಲನ್ ತರಿಸಿ ನೋಡಿ.

ಈಗ ಬರುವ ವ್ಯಕ್ತಿಯ ವಿಷಯ. ನಮ್ಮ ಪ್ರೌಢಶಾಲೆಗಳಲ್ಲಿ ಪಿ.ಸಿ.ಎಂ. ಓದಿದವರು ಗಣಿತ ಮತ್ತು ವಿಜ್ಞಾನದ ಭೌತಶಾಸ್ತ್ರ ಭಾಗ ತೆಗೆದುಕೊಳ್ಳುತ್ತಾರೆ, ಸಿ.ಬಿ.ಝಡ್. ಓದಿದವರು ರಸಾಯನ ಮತ್ತು ಜೀವಶಾಸ್ತ್ರ. ಏಜೆನ್ಸಿಯ ಪಟ್ಟಿಯಲ್ಲಿ ಇಬ್ಬರೂ "ಸೈನ್ಸ್ ಟೀಚರ್". ಹತ್ತನೇ ತರಗತಿಯ ಗಣಿತದ ಜಾಗಕ್ಕೆ ಸಸ್ಯಶಾಸ್ತ್ರದವರು ಬಂದು ನಿಲ್ಲುವುದು ಈ ಸೇವೆಯ ಅತಿ ಸಾಮಾನ್ಯ ತಪ್ಪು. ಬಯೋಡೇಟಾ ಅಲ್ಲ, ಪದವಿಯ ಅಂಕಪಟ್ಟಿ ವಾಟ್ಸಾಪ್‌ನಲ್ಲಿ ತರಿಸಿ. ಐಚ್ಛಿಕ ವಿಷಯ ಅಲ್ಲಿ ಮಾತ್ರ ಸುಳ್ಳು ಹೇಳುವುದಿಲ್ಲ.

ಕನ್ನಡ ಮಾಧ್ಯಮದ ತೊಡಕು ಇನ್ನೂ ಆಳದ್ದು. ವಿಜ್ಞಾನದವರು ಪಿ.ಯು.ಸಿ.ಯಿಂದ ಎಲ್ಲವನ್ನೂ ಇಂಗ್ಲಿಷ್‌ನಲ್ಲಿ ಓದಿರುತ್ತಾರೆ. ವಿಷಯ ಗೊತ್ತಿರುತ್ತದೆ, ಆದರೆ ವಿಭವಾಂತರ, ರೋಧ, ಮಸೂರ, ಸಮಾಂತರ ಶ್ರೇಢಿ ಅನ್ನುವ ಪದಗಳು ಎಸ್‌ಎಸ್‌ಎಲ್‌ಸಿಯಲ್ಲೇ ಬಿಟ್ಟುಹೋಗಿರುತ್ತವೆ. ಬೋರ್ಡಿನ ಮೇಲೆ ಇಂಗ್ಲಿಷ್ ಪದ ಬರೆಯುತ್ತಾರೆ, ಮಕ್ಕಳು ಪುಸ್ತಕದಲ್ಲಿ ಅದನ್ನು ಹುಡುಕಿ ಸಿಗದೆ ಸುಮ್ಮನಾಗುತ್ತಾರೆ. ಡೆಮೋ ಕ್ಲಾಸಿಗೆ "ನಿಮಗಿಷ್ಟದ ಪಾಠ ಮಾಡಿ" ಅಂದರೆ ಎಲ್ಲರೂ ಚೆನ್ನಾಗಿಯೇ ಮಾಡುತ್ತಾರೆ. ಅದರ ಬದಲು ಹೀಗೆ ಕೊಡಿ: 6 ಓಮ್ ಮತ್ತು 3 ಓಮ್ ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ ಎಷ್ಟು? ಹತ್ತು ನಿಮಿಷ, ಕನ್ನಡದಲ್ಲಿ, ಮಕ್ಕಳ ಎದುರಿಗೆ. ಆರರಲ್ಲೊಂದು ಮೂರರಲ್ಲೊಂದು ಕೂಡಿಸಿದರೆ ಅರ್ಧ ಬರುತ್ತದೆ. ಮಕ್ಕಳು ಅಲ್ಲಿಗೇ ನಿಲ್ಲಿಸಿ ಅರ್ಧ ಓಮ್ ಅಂತ ಬರೆಯುತ್ತಾರೆ. ಅದನ್ನು ತಲೆಕೆಳಗು ಮಾಡಬೇಕು, ಉತ್ತರ 2 ಓಮ್, ಮತ್ತು ಸಮಾಂತರದಲ್ಲಿ ಒಟ್ಟು ರೋಧ ಎರಡರಲ್ಲಿ ಚಿಕ್ಕದಕ್ಕಿಂತಲೂ ಕಡಿಮೆಯೇ ಬರಬೇಕು ಅಂತ ಕೇಳದೆಯೇ ಎಚ್ಚರಿಸುವವರು ಸಿಕ್ಕರೆ ಬಿಡಬೇಡಿ. ಉತ್ತರ ಮಾತ್ರ ತಂದವರಿಗೆ ವಿಷಯ ಗೊತ್ತು, ತರಗತಿ ಗೊತ್ತಿಲ್ಲ. ಗಣಿತಕ್ಕಾದರೆ ತ್ರಿಭುಜಗಳ ಒಂದು ಪ್ರಮೇಯ ಕೊಡಿ. ಚಿತ್ರ, ದತ್ತ, ಸಾಧನೀಯ, ರಚನೆ, ಸಾಧನೆ ಅಂತ ಹಂತ ಬಿಡಿಸಿ ಬರೆಯುತ್ತಾರಾ, ಇಲ್ಲಾ ನೇರ ಸಾಧನೆಗೆ ಹಾರುತ್ತಾರಾ ನೋಡಿ. ಪಬ್ಲಿಕ್ ಪರೀಕ್ಷೆಯಲ್ಲಿ ಅಂಕ ಹಂಚುವುದು ಹಂತಕ್ಕೆ.

ಕೆಳಗಿನ ತರಗತಿಗಳಲ್ಲಿ ಅರ್ಹತೆಯದ್ದೇ ಗೊಂದಲ. ಒಂದರಿಂದ ಐದನೇ ತರಗತಿಗೆ ಬಿ.ಇಡಿ. ಸಾಲದು, ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ ಆದ ಡಿ.ಇಡಿ.ಯೇ ಬೇಕು ಅಂತ ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರಂದು ಹೇಳಿದೆ. ಆದರೂ ಮೂರನೇ ತರಗತಿಗೆ ಅಂತ ಕೇಳಿದರೆ ಬಿ.ಇಡಿ.ಯವರ ಬಯೋಡೇಟಾಗಳೇ ಬರುತ್ತವೆ, ಏಕೆಂದರೆ ಕೈಯಲ್ಲಿರುವವರು ಅವರೇ. ಎಂಟನೇ ತರಗತಿವರೆಗಿನ ಜಾಗಕ್ಕೆ ಟಿ.ಇ.ಟಿ. (ಶಿಕ್ಷಕರ ಅರ್ಹತಾ ಪರೀಕ್ಷೆ) ಪ್ರಮಾಣಪತ್ರವನ್ನೂ ಕೇಳಿ. ಈಗ ಅದಕ್ಕೆ ಜೀವನಪರ್ಯಂತ ಮಾನ್ಯತೆ ಇರುವುದರಿಂದ "ಅವಧಿ ಮುಗಿದಿದೆ" ಅನ್ನುವ ನೆಪಕ್ಕೆ ಅರ್ಥವಿಲ್ಲ.

ಬಿ.ಇಡಿ. ಓದುತ್ತಿರುವವರನ್ನು ಕಳಿಸುವ ಚಾಳಿಯೂ ಉಂಟು. ಎರಡು ವರ್ಷದ ಕೋರ್ಸಿನಲ್ಲಿ ಒಟ್ಟು 20 ವಾರ ಶಾಲಾ ಅನುಭವ ಇರುತ್ತದೆ, ಆ ಅವಧಿಯಲ್ಲಿ ಅವರು ಕಲಿಯಲು ಬಂದವರು. ಅನುಭವಿ ಶಿಕ್ಷಕರು ಹಿಂದೆ ಕೂತು ನೋಡಬೇಕಾದ ಕ್ಲಾಸಿಗೆ ಅವರನ್ನೇ ಒಂಟಿಯಾಗಿ ಬಿಟ್ಟರೆ ಕಾಲೇಜಿಗೂ ಮೋಸ, ಮಕ್ಕಳಿಗೂ ಮೋಸ. ಸೆಮಿಸ್ಟರ್ ಪರೀಕ್ಷೆ ಬಂದಾಗ ಹದಿನೈದು ದಿನ ನಾಪತ್ತೆ ಆಗುವುದಂತೂ ಖಾತ್ರಿ.

ಬಿಟ್ಟು ಹೋಗುವುದಕ್ಕೆ ಒಂದು ಕಾಲ ಇದೆ. ಜೂನ್, ಜುಲೈನಲ್ಲಿ ಸರ್ಕಾರಿ ಶಾಲೆಗಳು ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುವಾಗ ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯಿಂದ ಬರುತ್ತಿದ್ದವರು ತಮ್ಮೂರಿನ ಶಾಲೆಗೆ ಹೊರಳುತ್ತಾರೆ. 12,500 ಕಮ್ಮಿ ಅಂತ ಕಂಡರೂ ಬಾಡಿಗೆ ಇಲ್ಲ, ಮನೆ ಊಟ, ಸಂಜೆ ಐದಕ್ಕೆ ಮನೆ. ಇಲ್ಲಿ 15,000 ಕೊಟ್ಟು ಪಿ.ಜಿ.ಯಲ್ಲಿ ಇರು ಅಂದರೆ ಯಾರು ಇರುತ್ತಾರೆ? ಹಾಗಾಗಿ ವಿಳಾಸ ಕೇಳಿ, ಅದಕ್ಕಿಂತ ಮುಖ್ಯವಾಗಿ ಬಸ್ ಕೇಳಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹರಿಹರದಿಂದ ದಿನಾ ಓಡಾಡುವ ಮೇಡಂಗಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಖಾಸಗಿ ಬಸ್ಸನ್ನೇ ನೆಚ್ಚಿಕೊಂಡ ಹಳ್ಳಿಯಿಂದ ಬರುವವರಿಗೆ ಆ ಅನುಕೂಲ ಇಲ್ಲ, ಬೆಳಗಿನ ಪ್ರಾರ್ಥನೆಗೆ ಮುಟ್ಟುವ ಖಾತ್ರಿಯೂ ಇಲ್ಲ. ಅಂಥವರಿಗೆ ಮೊದಲನೇ ಪಿರಿಯಡ್ ಹಾಕದೆ ವೇಳಾಪಟ್ಟಿ ಮಾಡಲು ಆಗುತ್ತದಾ ಅಂತ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ರಿಪ್ಲೇಸ್‌ಮೆಂಟ್ ಭರವಸೆಯನ್ನು ಓದುವ ಕ್ರಮ ಬೇರೆ. "90 ದಿನದೊಳಗೆ ಬಿಟ್ಟರೆ ಬೇರೆಯವರನ್ನು ಕೊಡುತ್ತೇವೆ" ಅಂತ ಇರುತ್ತದೆ. ಎಷ್ಟು ದಿನದಲ್ಲಿ, ಎಷ್ಟು ಸಲ, ಅದೇ ವಿಷಯದವರನ್ನಾ ಅನ್ನುವುದು ಇರುವುದಿಲ್ಲ. ಏಳು ಕೆಲಸದ ದಿನದಲ್ಲಿ ಕೊಡಬೇಕು, ಆಗದಿದ್ದರೆ ಉಳಿದ ಅವಧಿಯ ಫೀಸು ವಾಪಸ್ ಅಂತ ಬರೆಸಿ. ದಸರಾ ರಜೆಗೆ ಸಂಬಳ ಇದೆಯಾ ಇಲ್ಲವಾ ಅನ್ನುವ ಒಂದೇ ಸಾಲನ್ನು ಬಿಟ್ಟದ್ದಕ್ಕೆ ಅಕ್ಟೋಬರ್‌ನಲ್ಲಿ ಜಗಳ ಆಗುತ್ತದೆ, ಅದನ್ನೂ ಬರೆಸಿ.

ಏಜೆನ್ಸಿ ಮಾಡುತ್ತೇನೆ ಅಂದು ಹೆಚ್ಚಾಗಿ ಮಾಡದ ಕೆಲಸ ಪೊಲೀಸ್ ಪರಿಶೀಲನೆ. ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಪ್ರಮಾಣಪತ್ರ ತರಿಸಬಹುದು. ಮಕ್ಕಳ ನಡುವೆ ಓಡಾಡುವವರ ವಿಷಯದಲ್ಲಿ "ಅವರು ನೋಡಿರ್ತಾರೆ" ಅಂತ ಕೂರುವಂತಿಲ್ಲ, ಜವಾಬ್ದಾರಿ ಶಾಲೆಯದ್ದೇ. ಹಿಂದಿನ ಶಾಲೆಯ ಹೆಡ್‌ಮಾಸ್ಟರಿಗೆ ಒಂದು ಫೋನ್ ಮಾಡಿ, "ಇವರನ್ನ ಮತ್ತೆ ತಗೋತೀರಾ?" ಅಂತ ಕೇಳಿ. ಉತ್ತರಕ್ಕಿಂತ ಉತ್ತರದ ಮುಂಚಿನ ಮೌನವೇ ಹೆಚ್ಚು ಹೇಳುತ್ತದೆ. ಮೂಲ ಅಂಕಪಟ್ಟಿಗಳನ್ನು ಅಡವಿನಂತೆ ಇಟ್ಟುಕೊಳ್ಳುವ ಏಜೆನ್ಸಿಯಿಂದ ದೂರ ಇರಿ, ಶಾಲೆಯೂ ಆ ಕೆಲಸ ಮಾಡಬಾರದು.

ನ್ಯಾಯವಾಗಿ ಹೇಳಬೇಕೆಂದರೆ ಬದಲಿಯವರು ನಿಲ್ಲದಿರುವುದಕ್ಕೆ ಶಾಲೆಗಳ ಪಾಲೂ ದೊಡ್ಡದು. ವಾರಕ್ಕೆ 28 ಪಿರಿಯಡ್ ಅಂತ ಕರೆದು, ಬಂದ ಮೇಲೆ ಬಸ್ ಡ್ಯೂಟಿ, ಊಟದ ಡ್ಯೂಟಿ, ಯಾರು ರಜೆ ಹಾಕಿದರೂ ಅವರ ಅಡ್ಜಸ್ಟ್‌ಮೆಂಟ್ ಪಿರಿಯಡ್, ಎಲ್ಲ ಹೊಸಬರ ತಲೆಗೆ. ಪಾಠ ಒಪ್ಪಿಸುವ ಕ್ರಮವಂತೂ ಇಲ್ಲವೇ ಇಲ್ಲ. ಪಠ್ಯಪುಸ್ತಕ, ಚಾಕ್ ಡಬ್ಬಿ ಕೈಗೆ ಕೊಟ್ಟು "8ನೇ 'ಬಿ' ಮೇಲ್ಗಡೆ ಇದೆ ನೋಡಿ" ಅಂತ ಕಳಿಸಿದರೆ ಅವರು ಮೊದಲ ಅಧ್ಯಾಯದಿಂದ ಶುರು ಮಾಡದೆ ಇನ್ನೇನು ಮಾಡಬೇಕು? ರಜೆ ಹೋಗುವವರು ಒಂದು ಹಾಳೆಯಲ್ಲಿ ಪಾಠ ಯಾವ ಪುಟಕ್ಕೆ ನಿಂತಿದೆ, ಯಾವ ಲೆಕ್ಕ ಅರ್ಧ ಆಗಿದೆ, ರೂಪಣಾತ್ಮಕ ಪರೀಕ್ಷೆಯ ಯಾವ ಚಟುವಟಿಕೆಗೆ ಅಂಕ ಹಾಕಿ ಆಗಿದೆ, ತಿದ್ದದ ನೋಟ್‌ಬುಕ್ ಎಷ್ಟು, ಫಿಟ್ಸ್ ಅಥವಾ ಆಸ್ತಮಾ ಇರುವ ಮಗು ಯಾವುದು, ಮುಂದಿನ ಬೆಂಚಿನಲ್ಲೇ ಕೂರಿಸಬೇಕಾದವರು ಯಾರು ಅಂತ ಬರೆದಿಡಲಿ. ಎರಡು ದಿನ ಇಬ್ಬರೂ ಒಟ್ಟಿಗೆ ಕ್ಲಾಸಿನಲ್ಲಿರಲಿ. ಆ ಎರಡು ದಿನದ ಸಂಬಳ 1,200 ರೂಪಾಯಿ ಚಿಲ್ಲರೆ, ಇಡೀ ವ್ಯವಹಾರದಲ್ಲಿ ಇದಕ್ಕಿಂತ ಸಾರ್ಥಕವಾದ ಖರ್ಚಿಲ್ಲ. ಮಕ್ಕಳ ಮಾಹಿತಿ, ಅಂಕ ಏರಿಸುವ ಇಲಾಖೆಯ ಸ್ಯಾಟ್ಸ್ ತಂತ್ರಾಂಶದ ಲಾಗಿನ್ ಮಾತ್ರ ಕೊಡಬೇಡಿ, ಅಂಕ ಕಾಗದದಲ್ಲಿ ತೆಗೆದುಕೊಂಡು ಆಫೀಸಿನಲ್ಲೇ ಏರಿಸಿ.

ಟ್ಯೂಷನ್ ವಿಷಯವನ್ನು ಕರಾರಿನಲ್ಲಿ ಹಾಕಲು ಸಂಕೋಚ ಬೇಡ. ಶಿಕ್ಷಕರು ಖಾಸಗಿ ಟ್ಯೂಷನ್ ಮಾಡಬಾರದು ಅಂತ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ನೇ ಹೇಳುತ್ತದೆ. ಬದಲಿಯಾಗಿ ಬಂದು ಡಿಸೆಂಬರ್ ಹೊತ್ತಿಗೆ ಹತ್ತನೇ ತರಗತಿಯ ಹದಿನೈದು ಮಕ್ಕಳನ್ನು ತಮ್ಮ ಸಂಜೆ ಬ್ಯಾಚಿಗೆ ಎಳೆದುಕೊಂಡವರು ಮರುದಿನ ಕ್ಲಾಸಿನಲ್ಲಿ ಪೂರ್ತಿ ಪಾಠ ಮಾಡುವುದಿಲ್ಲ.

ಹಾಗಾದರೆ ಏಜೆನ್ಸಿ ಬೇಕಾ? ಹದಿನೈದು ದಿನದೊಳಗಿನ ರಜೆಗೆ ಖಂಡಿತ ಬೇಡ, ಒಳಗೇ ಹೊಂದಿಸಿಕೊಳ್ಳಿ. ಒಂದೆರಡು ತಿಂಗಳಿಗೂ ಬೇಡ. ಬಡಾವಣೆಯಲ್ಲೇ ಇರುವ ನಿವೃತ್ತ ಮೇಷ್ಟ್ರು ದಿನಕ್ಕೆ ಮೂರು ಪಿರಿಯಡ್ ಬಂದು ಹೋದರೆ ಯಾವ ಬಯೋಡೇಟಾಕ್ಕಿಂತಲೂ ಲೇಸು. ಕೆಳಗಿನ ತರಗತಿಗಾದರೆ ಈ ಮಾತು ಇನ್ನೂ ನಿಜ. ಸಮಾಜ, ಕನ್ನಡಕ್ಕೆ ಊರಿನಲ್ಲೇ ಜನ ಸಿಗುತ್ತಾರೆ, ಹುಡುಕಿಸಲು ದುಡ್ಡು ಕೊಡುವ ಅಗತ್ಯ ಕಾಣುವುದಿಲ್ಲ. ಪ್ರೌಢಶಾಲೆಯ ಪಿ.ಸಿ.ಎಂ., ಅದೂ ಕನ್ನಡ ಮಾಧ್ಯಮ, ಆರು ತಿಂಗಳು ಅಂದಾಗ ಮಾತ್ರ ಈ ಸೇವೆಗೆ ಬೆಲೆ ಇದೆ, ರಜೆಗೆ ಎರಡು ತಿಂಗಳು ಮುಂಚೆ ಹೇಳಿದ್ದರೆ. ಹೆರಿಗೆ ರಜೆ ಯಾವಾಗ ಬರುತ್ತದೆ ಅಂತ ಶಾಲೆಗೆ ತಿಂಗಳುಗಟ್ಟಲೆ ಮುಂಚೆ ಗೊತ್ತಿರುತ್ತದೆ. ಆದರೂ ಏಜೆನ್ಸಿಗೆ ಫೋನ್ ಹೋಗುವುದು ಮೇಡಂ ಬರದ ಮೊದಲ ದಿನ. ಆ ದಿನ ಪಟ್ಟಿಯಲ್ಲಿ ಉಳಿದಿರುವುದು ಬೇರೆ ಶಾಲೆಗಳು ಬೇಡ ಅಂದವರು.

ಕೊನೆಯ ತಿಂಗಳ ಸಂಬಳ ಕೊಡುವ ಮುಂಚೆ ತಿದ್ದಿದ ನೋಟ್‌ಬುಕ್, ಅಂಕಗಳ ವಹಿ, ಪಾಠ ನಿಂತ ಪುಟ ಇಷ್ಟನ್ನೂ ಹಳೆಯ ಮೇಡಂ ಎದುರಿಗೇ ಒಪ್ಪಿಸಿಕೊಳ್ಳಿ, ಇಬ್ಬರ ಸಹಿಯೂ ಒಂದೇ ಹಾಳೆಯಲ್ಲಿರಲಿ. ಅನುಭವ ಪತ್ರವನ್ನು ಅದೇ ದಿನ ಟೈಪ್ ಮಾಡಿಸಿ ಕೈಗೆ ಕೊಡಿ, "ನಾಳೆ ಬನ್ನಿ" ಅನ್ನಬೇಡಿ. ಮುಂದಿನ ಸಲ ಇವರನ್ನೇ ನೇರವಾಗಿ ಕರೆಯುವ ಹಾಗಿದ್ದರೆ ಕರಾರಿನಲ್ಲಿ ಆ ಬಗ್ಗೆ ನಿರ್ಬಂಧ ಇದೆಯಾ ನೋಡಿಕೊಳ್ಳಿ. ಒಂದು ವರ್ಷದೊಳಗೆ ನೇರ ಕರೆದರೆ ಮತ್ತೊಮ್ಮೆ ಫೀಸು ಅನ್ನುವ ಸಾಲು ಕೊನೆಯ ಪುಟದ ಕೆಳಗಡೆ ಸಣ್ಣಕ್ಷರದಲ್ಲಿ ಇದ್ದರೂ ಇರಬಹುದು.