ಮೊದಲ ಎರಡು ಗಂಟೆ ನೋಡಿ ಸೂಪರ್‌ಹೀರೋ ಗೇಮ್ ನಂಬಬೇಡಿ

ಕಾಮಿಕ್ಸ್ ಓದಿಕೊಂಡು ಬೆಳೆದವರು, ಹೊಸ ಸೂಪರ್‌ಹೀರೋ ಗೇಮ್ ಬರುತ್ತಿದೆ ಅಂದರೆ ಟ್ರೇಲರ್ ಮುಗಿಯುವ ಮೊದಲೇ ಕೊಳ್ಳುವ ಬಟನ್ ಎಲ್ಲಿದೆ ಅಂತ ಹುಡುಕುವವರು ಇದನ್ನು ಒಂದು ಸಲ ಓದಿಬಿಡಿ. ನಾನೂ ನಿಮ್ಮ ಗುಂಪಿನವನೇ. ಕೈ ಸುಟ್ಟುಕೊಂಡು ಬಂದಿದ್ದೇನೆ. ಗೇಮಿನ ಹೆಸರು ಹೇಳುವುದಿಲ್ಲ. ಇದೇ ಅಚ್ಚಿನಲ್ಲಿ ಎರಕ ಹೊಯ್ದಂಥವು ಇನ್ನೂ ಇವೆ, ಹೆಸರು ಹೇಳಿದರೆ ಅದೊಂದನ್ನು ಬಿಟ್ಟು ಉಳಿದದ್ದಕ್ಕೆ ಬೀಳುತ್ತೀರಿ.

ನಾನು ಪ್ರಿ-ಆರ್ಡರ್ ಮಾಡಿದೆ, ಅಂದರೆ ಬಿಡುಗಡೆಗೆ ಮೊದಲೇ ದುಡ್ಡು ಕಟ್ಟಿದೆ. ಅದೂ ಸಾದಾ ಆವೃತ್ತಿ ಅಲ್ಲ, ದುಬಾರಿಯದ್ದು. ಅದು ಕೊಂಡರೆ ಬಿಡುಗಡೆಗೆ ಮೂರು ದಿನ ಮೊದಲೇ ಆಡಬಹುದು, ಜೊತೆಗೆ ಹೀರೋಗೆ ಹಳೇ ಕಾಮಿಕ್ಸ್ ಕಾಲದ ವೇಷ ಒಂದು. ಪ್ಯಾಂಟಿನ ಮೇಲೆ ಚಡ್ಡಿ ಇರುತ್ತಲ್ಲ, ಅದು. ಸುಳ್ಳು ಯಾಕೆ ಹೇಳಲಿ, ಆ ಚಡ್ಡಿಗೇ ನಾನು ಬಿದ್ದದ್ದು.

ಡೌನ್‌ಲೋಡ್ ಮುಗಿಸಿ ಗೇಮ್ ತೆರೆದರೆ ಮೊದಲು ಶೇಡರ್ ತಯಾರಾಗುತ್ತಿದೆ ಅಂತ ಒಂದು ಗೆರೆ, ಆಮೆ ನಡೆದ ಹಾಗೆ ನಡೆಯಿತು. ಗ್ರಾಫಿಕ್ಸ್ ಕಾರ್ಡಿಗೆ ತಕ್ಕಂತೆ ಕೆಲವು ಲೆಕ್ಕಾಚಾರ ಮೊದಲೇ ಮಾಡಿಟ್ಟುಕೊಳ್ಳುವ ಕೆಲಸ ಅದು, ಮಾಡದಿದ್ದರೆ ಆಟದ ನಡುವೆ ಚಿತ್ರ ತಡವರಿಸುತ್ತದೆ. ಮಾಡಿಕೊಳ್ಳಲಿ ಬಿಡು ಅಂತ ಎದ್ದು ಹೋದೆ. ಅರ್ಧ ಗಂಟೆ ಹೋಯಿತು. ಈ ಅರ್ಧ ಗಂಟೆ ನೆನಪಿಟ್ಟುಕೊಳ್ಳಿ.

ಆಮೇಲೆ ಶುರುವಾದದ್ದನ್ನು ಏನಂತ ಹೇಳಲಿ! ನಗರ ಹೊತ್ತಿ ಉರಿಯುತ್ತಿದೆ, ನಮ್ಮ ಹೀರೋ ಮೋಡ ಸೀಳಿಕೊಂಡು ಇಳಿಯುತ್ತಾನೆ, ಬೀಳುತ್ತಿರುವ ಗೋಪುರವನ್ನು ಬೆನ್ನು ಕೊಟ್ಟು ನಿಲ್ಲಿಸುತ್ತಾನೆ, ಒಂದು ಗುದ್ದಿಗೆ ಹತ್ತು ಜನ ಗಾಳಿಗೆ ಹಾರುತ್ತಾರೆ, ಹಿನ್ನೆಲೆಯಲ್ಲಿ ಸಂಗೀತ ಎದೆ ಬಡಿಯುತ್ತದೆ. ಎಲ್ಲ ಶಕ್ತಿಯೂ ಕೈಯಲ್ಲಿ. ನಾನು ಕುರ್ಚಿಯ ತುದಿಗೆ ಬಂದಿದ್ದೆ. ಚಡ್ಡಿ ವೇಷ ಮಾತ್ರ ಇನ್ನೂ ಸಿಕ್ಕಿರಲಿಲ್ಲ, ಮೊದಲ ಅಧ್ಯಾಯ ಮುಗಿದ ಮೇಲೇ ಹಾಕಿಕೊಳ್ಳಬಹುದಂತೆ. ಇರಲಿ ಅಂದುಕೊಂಡೆ.

ಅಧ್ಯಾಯ ಮುಗಿಯಿತು. ಹೀರೋ ಏಟು ತಿಂದು ಶಕ್ತಿಯೆಲ್ಲ ಕಳೆದುಕೊಂಡ. ನಿಜವಾದ ಗೇಮ್ ಶುರುವಾದದ್ದು ಅಲ್ಲಿಂದ. ಅಲ್ಲಿಯವರೆಗೆ ನನ್ನ ಮೂಗಿಗೆ ತುಪ್ಪ ಸವರಿದ್ದರು ಅಷ್ಟೇ.

ಈಗ ಒಂದು ನಕ್ಷೆ ತೆರೆಯಿತು, ತುಂಬಾ ಚುಕ್ಕೆಗಳು. ಪ್ರತಿ ಚುಕ್ಕೆಯಲ್ಲೂ ಅದೇ ಕೆಲಸ. ಒಂದು ವೃತ್ತದೊಳಗೆ ನಿಲ್ಲಿ, ಬಂದವರನ್ನು ಬಡಿಯಿರಿ, ಪೆಟ್ಟಿಗೆ ತೆರೆಯಿರಿ. ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಕೈಗವಸು, ಗುದ್ದಿನ ಬಲ 3% ಜಾಸ್ತಿ. ಮುಂದಿನ ಪೆಟ್ಟಿಗೆಯಲ್ಲಿ ಇನ್ನೊಂದು ಕೈಗವಸು, 4%. ಗೋಪುರ ಎತ್ತಿ ನಿಲ್ಲಿಸಿದ ಮನುಷ್ಯ ಸ್ವಾಮಿ ಇವನು, ಇವನಿಗೆ ಕೈಗವಸು ಯಾಕೆ? ಇನ್ನೂ ತಮಾಷೆ ಅಂದರೆ ಬೀದಿ ರೌಡಿಗಳ ತಲೆ ಮೇಲೆ ಎಷ್ಟು ಜೀವ ಉಳಿದಿದೆ ಅಂತ ತೋರಿಸುವ ಹೆಲ್ತ್ ಬಾರ್, ಪಕ್ಕದಲ್ಲಿ ಎಷ್ಟು ಬಲ ಅಂತ ಹೇಳುವ ಲೆವೆಲ್ ನಂಬರ್. ನಾನು ಲೆವೆಲ್ 6, ಎದುರಿಗೆ ಬನಿಯನ್ ಹಾಕಿದ ರೌಡಿ ಲೆವೆಲ್ 9. ಇಪ್ಪತ್ತು ಏಟು ಕೊಟ್ಟರೂ ಅವನು ಮಿಸುಕಲಿಲ್ಲ. ಅವನು ಒಂದು ಕೊಟ್ಟದ್ದಕ್ಕೆ ನಾನು ಬಿದ್ದೆ.

2009ರ ಬ್ಯಾಟ್‌ಮ್ಯಾನ್: ಆರ್ಕಮ್ ಅಸೈಲಮ್ ಆಡಿದವರಿಗೆ ಈ ಸಂಕಟ ಥಟ್ಟನೆ ಅರ್ಥವಾಗುತ್ತದೆ. ಅದರಲ್ಲಿ ಹೊಡೆಯಲು ಒಂದು ಬಟನ್, ತಡೆದು ತಿರುಗಿ ಹೊಡೆಯಲು ಒಂದು ಬಟನ್. ಎದುರಾಳಿ ಕೈ ಎತ್ತಿದರೆ ತಲೆ ಮೇಲೆ ಗುರುತು ಮಿಂಚುತ್ತದೆ, ಆ ಕ್ಷಣಕ್ಕೆ ಒತ್ತಬೇಕು. ಸುಮ್ನೆ ಬಟನ್ ಕುಟ್ಟಿದರೆ ಏಟಿನ ಸರಣಿ ಮುರಿಯುತ್ತದೆ, ಲಯ ಹಿಡಿದರೆ ಹತ್ತು ಜನರ ನಡುವೆ ಕುಣಿದ ಹಾಗೆ ಇರುತ್ತದೆ. 2018ರ ಸ್ಪೈಡರ್‌ಮ್ಯಾನ್‌ನಲ್ಲೂ ಅಷ್ಟೇ, ಅಪಾಯ ಬಂದಾಗ ತಲೆ ಸುತ್ತ ಗೆರೆಗಳು ಮೂಡುತ್ತವೆ, ಕಾಮಿಕ್ಸ್‌ನಲ್ಲಿ ಬರೆಯುತ್ತಾರಲ್ಲ ಹಾಗೇ. ಹೀರೋ ಆಗುವುದು ಅಂದರೆ ಅದು. ಅಲ್ಲಿ ನನ್ನ ಕೈ ಪಳಗಿದಷ್ಟೂ ಹೀರೋ ಬಲವಾಗುತ್ತಾನೆ. ಈ ಗೇಮಿನಲ್ಲಿ ಕೈ ಪಳಗಿದರೂ ಕೈಗವಸು ಹಳೆಯದಾದರೆ ಮುಗಿಯಿತು. ಆ ನಂಬರ್ ಬೇಗ ಏರಿಸಿಕೊಳ್ಳಬೇಕಾ, ಅಂಗಡಿ ಅಲ್ಲೇ ಮೆನುವಿನಲ್ಲಿದೆ. ಅಲ್ಲಿ ನಡೆಯುವುದು ಗೇಮಿನದೇ ನಾಣ್ಯ, ಅದನ್ನು ನಿಜವಾದ ದುಡ್ಡು ಕೊಟ್ಟು ಕೊಳ್ಳಬೇಕು. ಬೇಕಾದಷ್ಟೇ ನಾಣ್ಯ ಕೊಳ್ಳಲು ಬಿಡುವುದಿಲ್ಲ, ಮಾರುವ ನಾಣ್ಯದ ಕಟ್ಟು ಯಾವಾಗಲೂ ಸ್ವಲ್ಪ ಕಡಿಮೆ, ಇಲ್ಲಾ ಸ್ವಲ್ಪ ಜಾಸ್ತಿ.

ಸರಿ, ದುಡ್ಡು ವಾಪಸ್ ಕೇಳೋಣ ಅಂತ ಹೋದೆ. ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ನಿಯಮ ನಿಮಗೆ ಗೊತ್ತಿರಬಹುದು: ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇರಬೇಕು. ನಾನು ಬೇರೆ ಕಡೆ ಕೊಂಡಿದ್ದೆ, ಅಲ್ಲೂ ಅದೇ ಬಗೆಯ ನಿಯಮ. ನನ್ನ ಲೆಕ್ಕದಲ್ಲಿ ತೋರಿಸಿದ್ದು 3 ಗಂಟೆ 10 ನಿಮಿಷ. ಶೇಡರ್ ಗೆರೆ ನಡೆದ ಅರ್ಧ ಗಂಟೆಯೂ ಅದರಲ್ಲೇ, ಯಾಕೆಂದರೆ ಗೇಮ್ ತೆರೆದಿದ್ದರೆ ಗಡಿಯಾರ ಓಡುತ್ತಿರುತ್ತದೆ, ನೀವು ಕುರ್ಚಿಯಲ್ಲಿ ಇದ್ದೀರೋ ಇಲ್ಲವೋ ಅದಕ್ಕೆ ಬೇಕಿಲ್ಲ. ಬಿಡುಗಡೆಗೆ ಮೊದಲು ಆಡಿದ್ದು ಲೆಕ್ಕಕ್ಕಿಲ್ಲ ಅಂತ ಯಾರೋ ಹೇಳಿದ್ದನ್ನು ನಂಬಿದ್ದೆ. ಆ ಕಾಲ ಹೋಯಿತು, ಸ್ಟೀಮ್ ಕೂಡ 2024ರ ಏಪ್ರಿಲ್‌ನಿಂದ ಆ ಹೊತ್ತನ್ನೂ ಸೇರಿಸಿಕೊಳ್ಳುತ್ತಿದೆ. ಸಹಾಯ ವಿಭಾಗಕ್ಕೆ ಬರೆದೆ. ತುಂಬಾ ಮರ್ಯಾದೆಯಿಂದ ಆಗುವುದಿಲ್ಲ ಅಂದರು. ಮತ್ತೆ ಬರೆದೆ. ಅದೇ ಉತ್ತರ, ಅದೇ ಮರ್ಯಾದೆ.

ಇನ್ನೊಂದು ವಿಷಯ. ನಾನು ಒಬ್ಬನೇ ಆಡುವವನು. ಆದರೂ ಈ ಗೇಮಿಗೆ ಯಾವಾಗಲೂ ಇಂಟರ್ನೆಟ್ ಮೂಲಕ ಕಂಪನಿಯ ಸರ್ವರ್ ಸಂಪರ್ಕ ಬೇಕು. ದುಡ್ಡು ಹೇಗೂ ಹೋಯಿತು, ಆಡಿಯಾದರೂ ಮುಗಿಸೋಣ ಅಂತ ಕೂತು ಒಬ್ಬ ಬಾಸ್‌ನ, ಅಂದರೆ ದೊಡ್ಡ ಖಳನ, ಜೀವ ಕಾಲು ಭಾಗಕ್ಕೆ ಇಳಿಸಿದ್ದೆ, ಸಂಪರ್ಕ ತಪ್ಪಿದೆ ಅಂತ ಹೊರಗೆ ಎಸೆಯಿತು. ಇಂಥ ಗೇಮುಗಳ ಆಯುಷ್ಯವೂ ನಮ್ಮ ಕೈಯಲ್ಲಿ ಇರುವುದಿಲ್ಲ. ಮಾರ್ವೆಲ್ ಹೀರೋಸ್ 2013ರಲ್ಲಿ ಶುರುವಾಗಿ 2017ರ ನವೆಂಬರ್‌ನಲ್ಲಿ ಸರ್ವರ್ ಮುಚ್ಚಿತು, ಜನ ದುಡ್ಡು ಕೊಟ್ಟು ಕೊಂಡ ವೇಷಗಳೂ ಅದರ ಜೊತೆಗೇ ಹೋದವು. 2020ರ ಮಾರ್ವೆಲ್ಸ್ ಅವೆಂಜರ್ಸ್ ಮಾರಾಟ 2023ರ ಸೆಪ್ಟೆಂಬರ್ 30ಕ್ಕೆ ನಿಂತಿತು. ಅದಕ್ಕೆ ಆರು ತಿಂಗಳು ಮೊದಲು ಅದರ ಅಂಗಡಿಯ ವೇಷಗಳನ್ನೆಲ್ಲ ಪುಕ್ಕಟೆ ಬಿಟ್ಟರು, ಆ ಹೊತ್ತಿಗೆ ದುಡ್ಡು ಕೊಟ್ಟು ಕೊಂಡವರ ಮುಖ ನೆನೆಸಿಕೊಳ್ಳಿ. 2024ರ ಫೆಬ್ರವರಿಯಲ್ಲಿ ಬಂದ ಸುಯಿಸೈಡ್ ಸ್ಕ್ವಾಡ್ ಗೇಮಿಗೆ ಇಂಟರ್ನೆಟ್ ಇಲ್ಲದೆ ಆಡುವ ದಾರಿ ಸಿಕ್ಕಿದ್ದು ಆ ವರ್ಷದ ಡಿಸೆಂಬರ್‌ನಲ್ಲಿ.

ಒಳ್ಳೇ ಸರಣಿ ಅಂತ ಕಣ್ಣು ಮುಚ್ಚಿ ಕೊಳ್ಳುವುದೂ ಬೇಡ. ಆರ್ಕಮ್ ಅಸೈಲಮ್‌ನ ಸರಣಿಯದೇ ಆದ ಆರ್ಕಮ್ ನೈಟ್ 2015ರ ಜೂನ್‌ನಲ್ಲಿ ಪಿಸಿಗೆ ಬಂದಾಗ ಎಷ್ಟು ಕೆಟ್ಟದಾಗಿ ಓಡಿತು ಅಂದರೆ ಮಾರಾಟವನ್ನೇ ನಿಲ್ಲಿಸಿ, ಸರಿ ಮಾಡಿ, ಅಕ್ಟೋಬರ್‌ನಲ್ಲಿ ಮತ್ತೆ ತಂದರು.

ನಾನು ಈಗ ಟ್ರೇಲರ್ ನೋಡುವುದೇ ಬಿಟ್ಟಿದ್ದೇನೆ. ಗೇಮ್ ಬಂದು ಒಂದು ವಾರ ಆದ ಮೇಲೆ, ಹತ್ತು ಗಂಟೆ ಆಡಿದವರ ವಿಡಿಯೋ ಹುಡುಕಿ ನಡುವಿನ ಹದಿನೈದು ನಿಮಿಷ ನೋಡುತ್ತೇನೆ. ರೌಡಿಯ ತಲೆ ಮೇಲೆ ನಂಬರ್ ಕಂಡರೆ ಅಲ್ಲಿಗೆ ಬಿಟ್ಟೆ. ಕೊಳ್ಳುವ ಪುಟದಲ್ಲಿ ಇಂಟರ್ನೆಟ್ ಕಡ್ಡಾಯ ಅಂತ ಸಣ್ಣಕ್ಷರದಲ್ಲಿ ಇದೆಯಾ ಅಂತ ಕೊನೆಯ ಸಾಲಿನವರೆಗೂ ಓದುತ್ತೇನೆ. ನಿಮಗೆ ಪೆಟ್ಟಿಗೆ ತೆರೆದು ನಂಬರ್ ಏರಿಸುವುದೇ ಇಷ್ಟ ಅಂದರೆ ತಪ್ಪೇನಿಲ್ಲ, ಅದರಲ್ಲೂ ಒಂದು ಮಜಾ ಇದೆ ಅನ್ನುವ ಗೆಳೆಯರು ನನಗೂ ಇದ್ದಾರೆ. ಆದರೆ ಅದು ಬೇಕು ಅಂತ ಗೊತ್ತಿದ್ದು ಕೊಳ್ಳಿ.

ಇಂಥದ್ದೊಂದನ್ನು ಈಗಷ್ಟೇ ಕೊಂಡು ಮೊದಲ ಅಧ್ಯಾಯದಲ್ಲಿ ಗೋಪುರ ಎತ್ತುತ್ತಿದ್ದರೆ, ಇದನ್ನು ಓದುವುದು ಆಮೇಲೆ. ಮೊದಲು ಗೇಮ್ ಪೂರ್ತಿ ಮುಚ್ಚಿ. ಮೆನುವಿನಲ್ಲಿ ನಿಲ್ಲಿಸಿದರೆ ಸಾಲದು, ಮುಚ್ಚಿ. ಎಷ್ಟು ನಿಮಿಷ ಆಗಿದೆ ನೋಡಿ.