ನಾಲ್ಕು ವರ್ಷ ದುಡಿದ ಡ್ರಮ್ ವ್ಯಾಕ್ಯೂಮ್ ಕ್ಲೀನರ್: ಮನೆಗೂ ಕಾರಿಗೂ ಒಂದೇ ಯಂತ್ರ

ಮನೆಯ ನೆಲವನ್ನೂ ಕಾರಿನ ಒಳಭಾಗವನ್ನೂ ಒಂದೇ ಯಂತ್ರದಿಂದ ಸ್ವಚ್ಛಗೊಳಿಸಬೇಕೆಂಬ ಹಟ ನನ್ನಲ್ಲಿ ಹುಟ್ಟಿದ್ದು, ಬೇರೆ ಬೇರೆಯಾಗಿ ಕೊಂಡಿದ್ದ ಎರಡು ಯಂತ್ರಗಳೂ ಕೈಕೊಟ್ಟ ಮೇಲೆ. ಮೊದಲನೆಯದು ಕಾರಿನ 12 ವೋಲ್ಟ್ ಸಾಕೆಟ್‌ಗೆ ಸಿಕ್ಕಿಸುವ ಪುಟ್ಟ ಯಂತ್ರ. ಎರಡನೆಯದು ಬ್ಯಾಟರಿಯಿಂದ ನಡೆಯುವ, ಕೈಯಲ್ಲಿ ಹಿಡಿದು ಬಳಸುವಂಥದ್ದು. ಅವೆರಡರ ಜಾಗಕ್ಕೆ ಬಂದದ್ದು 20 ಲೀಟರ್ ಡ್ರಮ್ಮಿನ, 1200 ವಾಟ್ ಮೋಟರಿನ, ಒಣ ಕಸವನ್ನೂ ನೀರನ್ನೂ ಹೀರಬಲ್ಲ, ನೋಡಲು ಬಕೆಟ್ಟಿಗೆ ಟೋಪಿ ತೊಡಿಸಿದಂತಿರುವ ಯಂತ್ರ. ವಾರಕ್ಕೆ ಸುಮಾರು ಒಂದು ಗಂಟೆಯಂತೆ ನಾಲ್ಕು ವರ್ಷ ದುಡಿಸಿದ್ದೇನೆ, ಅಂದರೆ ಅದು ಹತ್ತಿರ ಹತ್ತಿರ 200 ಗಂಟೆ ಓಡಿದೆ. ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಈ ವರ್ಗದ ಯಂತ್ರಗಳು ಬಣ್ಣ, ಹೆಸರುಗಳಲ್ಲಿ ಬೇರೆಯಾದರೂ ರಚನೆಯಲ್ಲಿ ಒಂದೇ ತಾಯಿಯ ಮಕ್ಕಳಂತಿರುತ್ತವೆ. ನಾನು ಕೊಂಡ ಮಾದರಿಯಂತೂ ಈಗ ತಯಾರಾಗುತ್ತಲೇ ಇಲ್ಲ. ಉಪಯೋಗಕ್ಕೆ ಬರುವುದು ಆ ರಚನೆಯ ಗುಣದೋಷಗಳ ತಿಳಿವಳಿಕೆಯೇ ಹೊರತು ಹೆಸರಲ್ಲ.

ಹಳೆಯ ಎರಡು ಯಂತ್ರಗಳು ಸೋತದ್ದಕ್ಕೆ ಕಾರಣಗಳು ಬೇರೆ ಬೇರೆ. ಕಾರಿನ ಸಾಕೆಟ್ಟಿನ ಹಿಂದೆ ಸಾಮಾನ್ಯವಾಗಿ 10 ಇಲ್ಲವೆ 15 ಆಂಪಿಯರ್ ಫ್ಯೂಸ್ ಇರುತ್ತದೆ. 12 ವೋಲ್ಟಿನಿಂದ ಗುಣಿಸಿದರೆ 120 ಅಥವಾ 180 ವಾಟ್. ಯಂತ್ರದ ಡಬ್ಬಿಯ ಮೇಲೆ ಏನೇ ಬರೆದಿರಲಿ, ಅದಕ್ಕಿಂತ ಹೆಚ್ಚಿನ ಶಕ್ತಿಯನ್ನು ಎಳೆಯಲು ಹೋದರೆ ಫ್ಯೂಸ್ ಸುಟ್ಟು ಕೂರುತ್ತದೆ. ಇಷ್ಟು ಶಕ್ತಿಯಲ್ಲಿ ಡ್ಯಾಶ್‌ಬೋರ್ಡಿನ ಧೂಳು ಹೋಗುತ್ತದೆ, ಕಾರ್ಪೆಟ್ಟಿನ ನೂಲಿನೊಳಗೆ ಇಳಿದು ಕುಳಿತ ಮರಳು ಮಿಸುಕಾಡುವುದೂ ಇಲ್ಲ. ಬ್ಯಾಟರಿ ಯಂತ್ರ ನಿಜಕ್ಕೂ ಚೆನ್ನಾಗಿತ್ತು, ಆದರೆ ಪೂರ್ಣ ವೇಗದಲ್ಲಿ 12 ನಿಮಿಷ ನಡೆಯುತ್ತಿದ್ದದ್ದು ಎರಡು ವರ್ಷದಲ್ಲಿ 6 ನಿಮಿಷಕ್ಕೆ ಇಳಿಯಿತು. ಅದನ್ನು ಬಿಸಿಲಲ್ಲಿ ನಿಂತ ಕಾರಿನೊಳಗೇ ಬಿಡುತ್ತಿದ್ದದ್ದು ನನ್ನ ತಪ್ಪು. ಲಿಥಿಯಂ ಅಯಾನ್ ಬ್ಯಾಟರಿಗೆ ಶಾಖದಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ಪೂರ್ತಿ ಚಾರ್ಜ್ ಆಗಿದ್ದಾಗ ಬಿಸಿಗೆ ಸಿಕ್ಕರೆ ಅದರ ಆಯುಸ್ಸು ಇನ್ನೂ ಬೇಗ ಕರಗುತ್ತದೆ.

ಹೊಸ ಯಂತ್ರವನ್ನು ಹುಡುಕುವಾಗ ಎಲ್ಲರಂತೆ ನಾನೂ ಮೊದಲು ನೋಡಿದ್ದು ವಾಟ್ ಸಂಖ್ಯೆಯನ್ನೇ. ವಾಟ್ ಹೇಳುವುದು ಯಂತ್ರ ಎಷ್ಟು ವಿದ್ಯುತ್ತನ್ನು ಉಣ್ಣುತ್ತದೆ ಎಂಬುದನ್ನು, ಎಷ್ಟು ದುಡಿಯುತ್ತದೆ ಎಂಬುದನ್ನಲ್ಲ. ಯುರೋಪಿನ ಒಕ್ಕೂಟವು ಒಣ ಕಸದ ಮನೆಬಳಕೆಯ ಯಂತ್ರಗಳಿಗೆ 2014ರಲ್ಲಿ 1600 ವಾಟ್, 2017ರಲ್ಲಿ 900 ವಾಟ್ ಎಂದು ಮಿತಿ ಹಾಕಿತು. ಅದಾದ ಮೇಲೆ ಅಲ್ಲಿನ ಮನೆಗಳೇನೂ ಧೂಳು ತುಂಬಿ ಹೋಗಲಿಲ್ಲ. ತಯಾರಕರು ನಾಜಲ್, ಗಾಳಿಯ ದಾರಿ ಮತ್ತು ಫ್ಯಾನನ್ನು ತಿದ್ದಿಕೊಂಡರು. ಕೊಳ್ಳುವವರು ನೋಡಬೇಕಾದ ಅಂಕಿಗಳು ಎರಡು. ಒಂದು, ಕಿಲೋಪಾಸ್ಕಲ್‌ನಲ್ಲಿ ಕೊಡುವ ಹೀರುವ ಒತ್ತಡ. ಇನ್ನೊಂದು, ಸೆಕೆಂಡಿಗೆ ಇಷ್ಟು ಲೀಟರ್ ಎಂದು ಕೊಡುವ ಗಾಳಿಯ ಹರಿವು. ಹೋಸಿನ ಬಾಯಿಯನ್ನು ಪೂರ್ತಿ ಮುಚ್ಚಿದಾಗ ಒತ್ತಡ ಗರಿಷ್ಠವಾಗಿ ಹರಿವು ಸೊನ್ನೆಯಾಗುತ್ತದೆ; ಪೂರ್ತಿ ತೆರೆದಾಗ ಹರಿವು ಗರಿಷ್ಠ, ಒತ್ತಡ ಹೆಚ್ಚುಕಡಿಮೆ ಸೊನ್ನೆ. ಕಸವನ್ನು ಎತ್ತುವ ಕೆಲಸ ನಡೆಯುವುದು ಇವೆರಡರ ನಡುವಿನ ಯಾವುದೋ ಬಿಂದುವಿನಲ್ಲಿ. ಆದ್ದರಿಂದ ಒಂದೇ ಅಂಕಿಯನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಇನ್ನೊಂದರ ಬಗ್ಗೆ ಸುಮ್ಮನಿರುವ ಡಬ್ಬಿಯನ್ನು ನಾನು ನಂಬುವುದಿಲ್ಲ. ನನ್ನ ಯಂತ್ರದ ಮೇಲೆ 20 ಕಿಲೋಪಾಸ್ಕಲ್ ಎಂದಿದೆ. ಅದು ವಾತಾವರಣದ ಒತ್ತಡದ ಐದನೆಯ ಒಂದು ಭಾಗ. ಲೆಕ್ಕದ ಮಟ್ಟಿಗೆ ನೀರನ್ನು ಎರಡು ಮೀಟರ್ ಎತ್ತರಕ್ಕೆ ಎಳೆದು ನಿಲ್ಲಿಸಬಲ್ಲ ಬಲ.

ಅಂಕಿಗಳಿಗಿಂತ ಮಿಗಿಲಾದ ಪರೀಕ್ಷೆಯೊಂದು ಈ ಯಂತ್ರದ ಹುಟ್ಟಿನಷ್ಟೇ ಹಳೆಯದು. 1901ರಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಇಂಗ್ಲೆಂಡಿನ ಎಂಜಿನಿಯರ್, ಧೂಳನ್ನು ಊದುವುದಕ್ಕಿಂತ ಹೀರುವುದು ಮೇಲು ಎಂಬ ತನ್ನ ಊಹೆಯನ್ನು ಪರೀಕ್ಷಿಸಲು ಕುರ್ಚಿಯ ಮೆತ್ತೆಯ ಮೇಲೆ ಕರವಸ್ತ್ರ ಹಾಸಿ ಬಾಯಿಂದಲೇ ಹೀರಿದನಂತೆ. ಬಟ್ಟೆಯ ಅಡಿಭಾಗಕ್ಕೆ ಧೂಳು ಅಂಟಿತ್ತು. ನಾನು ಬಾಯಿ ಹಚ್ಚಲಿಲ್ಲ. ಹೋಸ್ ಮತ್ತು ನಾಜಲ್ ಸೇರುವ ಜಾಗದಲ್ಲಿ ತೆಳ್ಳನೆಯ ಬಿಳಿ ಬಟ್ಟೆಯ ತುಂಡನ್ನು ಸಿಕ್ಕಿಸಿ, ಕಾರಿನ ಕಾರ್ಪೆಟ್ಟಿನ ಒಂದೇ ಅಳತೆಯ ಎರಡು ಜಾಗಗಳಲ್ಲಿ ಹಳೆಯ ಬ್ಯಾಟರಿ ಯಂತ್ರವನ್ನೂ ಹೊಸ ಡ್ರಮ್ ಯಂತ್ರವನ್ನೂ ಅರ್ಧರ್ಧ ನಿಮಿಷ ಓಡಿಸಿದೆ. ಮೊದಲಿನ ಬಟ್ಟೆಯಲ್ಲಿ ಕೂದಲು, ನೂಲು ಮತ್ತು ಬೂದು ಬಣ್ಣದ ತೆಳು ಪದರ ಸಿಕ್ಕಿತು. ಎರಡನೆಯದರಲ್ಲಿ ಬೆರಳಿನಲ್ಲಿ ಉಜ್ಜಿದರೆ ಗರಗರ ಎನ್ನುವಷ್ಟು ಮರಳಿತ್ತು. ಅಷ್ಟಾದರೂ ಕಾರ್ಪೆಟ್ಟಿನ ತಳದ ಮರಳು ಬರೀ ಗಾಳಿಗೆ ಮೇಲೇಳುವುದಿಲ್ಲ ಎಂಬುದನ್ನು ಸೇರಿಸಬೇಕು. ಒಂದು ಕೈಯಲ್ಲಿ ಗಟ್ಟಿ ಕೂದಲಿನ ಬ್ರಶ್ ಹಿಡಿದು ಕೆದಕುತ್ತ, ಇನ್ನೊಂದು ಕೈಯಲ್ಲಿ ಹೋಸನ್ನು ಅದರ ಬೆನ್ನಿಗೇ ನಡೆಸಬೇಕು.

ಗಟ್ಟಿತನದ ಬಗ್ಗೆ ನನ್ನ ಕಲ್ಪನೆ ಈ ನಾಲ್ಕು ವರ್ಷಗಳಲ್ಲಿ ಪೂರ್ತಿ ಬದಲಾಗಿದೆ. ಗಟ್ಟಿ ಯಂತ್ರವೆಂದರೆ ಗಟ್ಟಿ ಮೋಟರ್ ಎಂದುಕೊಂಡಿದ್ದೆ. ಮೋಟರಿಗೆ ಇಂದಿನವರೆಗೆ ಏನೂ ಆಗಿಲ್ಲ, ಅದರ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುತ್ತ ಸವೆಯುವ ಕಾರ್ಬನ್ ಬ್ರಶ್ಶುಗಳನ್ನೂ ಬದಲಿಸಿಲ್ಲ. ಮುರಿದದ್ದೆಲ್ಲ ಮೋಟರಿನ ಸುತ್ತಲಿನ ಸಣ್ಣಪುಟ್ಟ ಪ್ಲಾಸ್ಟಿಕ್ಕು. ಮೊದಲ ವರ್ಷದ ಕೊನೆಗೆ ಹೋಸು ಅದರ ಹಿಡಿಕೆಯ ಹತ್ತಿರ ಸೀಳಿತು. ಹೋಸನ್ನು ಹಗ್ಗದಂತೆ ಎಳೆದು ಯಂತ್ರವನ್ನು ಹಿಂದೆ ಬರಿಸಿಕೊಳ್ಳುವ ಅಭ್ಯಾಸ ಯಾರಿಗೆ ತಾನೇ ಇಲ್ಲ? ಆ ಎಳೆತವೆಲ್ಲ ಹೋಸು ತುದಿಯ ತೊಟ್ಟಿಗೆ ಸೇರುವ ಒಂದೇ ಗೆರೆಯ ಮೇಲೆ ಬೀಳುತ್ತದೆ. ಅದೃಷ್ಟಕ್ಕೆ ನನ್ನದು ತಿರುವಿ ಕೂರಿಸುವ ತೊಟ್ಟು. ಸೀಳಿದ ಹತ್ತು ಸೆಂಟಿಮೀಟರನ್ನು ಚಾಕುವಿನಿಂದ ಕತ್ತರಿಸಿ ತೊಟ್ಟನ್ನು ಮತ್ತೆ ತಿರುವಿದೆ, ಐದು ನಿಮಿಷದ ಕೆಲಸ. ಅಂಟಿಸಿದ ತೊಟ್ಟಾಗಿದ್ದರೆ ಇಡೀ ಹೋಸನ್ನೇ ಬದಲಿಸಬೇಕಾಗಿತ್ತು. ಮೂರನೆಯ ವರ್ಷ, ನೀರು ತುಂಬಿದ ಡ್ರಮ್ಮನ್ನು ಮೇಲಿನ ಹಿಡಿಯಿಂದಲೇ ಎತ್ತಲು ಹೋಗಿ, ಮುಚ್ಚಳವನ್ನು ಬಿಗಿಹಿಡಿಯುವ ಚಿಲಕಗಳಲ್ಲಿ ಒಂದು ಮುರಿಯಿತು. ಹತ್ತು ಲೀಟರ್ ನೀರೆಂದರೆ ಹತ್ತು ಕಿಲೋ ಎಂಬ ಸರಳ ಗಣಿತ ಆ ಕ್ಷಣದಲ್ಲಿ ಹೊಳೆಯಲಿಲ್ಲ. ಚಿಲಕ ಬಿಡಿಭಾಗವಾಗಿ ಸಿಕ್ಕಿತು ಎಂಬ ಒಂದೇ ಕಾರಣಕ್ಕೆ ಈ ವಿಮರ್ಶೆ ಮೆಚ್ಚುಗೆಯ ಕಡೆ ವಾಲಿದೆ. ಕೊಳ್ಳುವ ಮೊದಲು ಫಿಲ್ಟರ್, ಹೋಸ್, ಚಿಲಕ ಈ ಮೂರು ಬಿಡಿಯಾಗಿ ಸಿಗುತ್ತವೆಯೇ ಎಂದು ವಿಚಾರಿಸದೆ ಯಾರೂ ಮುಂದುವರಿಯಬಾರದು.

ಕಾರಿನ ಕೆಲಸಕ್ಕೆ ಹೋಸಿನ ಉದ್ದ ಮತ್ತು ಒಳವ್ಯಾಸ ಎರಡೂ ಮುಖ್ಯ. ಯಂತ್ರದ ಜತೆ ಬಂದ ಎರಡು ಮೀಟರ್ ಹೋಸಿನಿಂದ ಹಿಂದಿನ ಸೀಟಿನ ಅಡಿಗೆ ತಲುಪಬೇಕಾದರೆ ಯಂತ್ರವನ್ನೇ ಎತ್ತಿ ಕಾರಿನೊಳಗೆ ಕೂರಿಸಬೇಕಾಗುತ್ತಿತ್ತು. ನಾಲ್ಕು ಮೀಟರಿನ ಹೋಸ್ ಕೊಂಡ ಮೇಲೆ ಹೀರುವಿಕೆ ಸ್ವಲ್ಪ ಇಳಿದದ್ದು ಕೈಗೆ ಗೊತ್ತಾಗುತ್ತದೆ, ಆದರೆ ಯಂತ್ರ ಒಂದು ಕಡೆ ನಿಂತಿದ್ದು ನಾಲ್ಕು ಬಾಗಿಲನ್ನೂ ಮುಗಿಸುವ ಅನುಕೂಲದ ಮುಂದೆ ಅದು ದೊಡ್ಡ ನಷ್ಟವಲ್ಲ. ಒಳವ್ಯಾಸ ತೀರ ಸಣ್ಣದಾದರೆ ಒಣಗಿದ ಎಲೆ, ಜಲ್ಲಿಯ ಹರಳು ಬಾಗಿದ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. 35 ಮಿಲಿಮೀಟರಿನ ನನ್ನ ಹೋಸಿನಲ್ಲಿ ಹಾಗಾದದ್ದು ಎರಡೇ ಸಲ. ಸಿಕ್ಕಿಕೊಂಡಾಗ ಮೋಟರಿನ ದನಿ ಏರಿ ಕೀರಲಾಗುತ್ತದೆ. ಕಷ್ಟಪಟ್ಟು ಎಳೆಯುತ್ತಿದೆ ಎಂದು ಕೇಳುವವರಿಗೆ ಅನ್ನಿಸುತ್ತದೆ, ನಡೆಯುತ್ತಿರುವುದು ಅದರ ತದ್ವಿರುದ್ಧ. ತಳ್ಳಲು ಗಾಳಿಯೇ ಇಲ್ಲದ ಫ್ಯಾನಿಗೆ ಹೊರೆ ತಗ್ಗಿ ವೇಗ ಏರಿರುತ್ತದೆ. ಕಸ ಹೊತ್ತು ಬರುವ ಗಾಳಿಯೇ ಮೋಟರನ್ನೂ ತಣಿಸುವ ರಚನೆಯಾದರೆ ಆಗ ಅದು ಬಿಸಿಯೇರತೊಡಗುತ್ತದೆ. ನೀರು ಹೀರುವ ಯಂತ್ರಗಳಲ್ಲಿ ಸಾಮಾನ್ಯವಾಗಿ ಮೋಟರಿಗೆ ಬೇರೆಯದೇ ಗಾಳಿಯ ದಾರಿ ಇರುತ್ತದೆ. ತೇವವಾಗಲಿ ಧೂಳಾಗಲಿ ಮೋಟರಿನ ತಂತಿ ಸುರುಳಿಗಳನ್ನು ಮುಟ್ಟುವುದಿಲ್ಲ. ಈ ಒಂದು ಅಂಶವನ್ನು ನಾನು ವಾಟ್ ಸಂಖ್ಯೆಗಿಂತ ಮೇಲೆ ಇಡುತ್ತೇನೆ.

ಸೀಟಿನ ಹಳಿಗಳ ಸಂದಿಗೆ ಯಾವ ನಾಜಲ್ಲೂ ಹೋಗದು. ಹೋಸನ್ನು ಯಂತ್ರದ ಗಾಳಿ ಹೊರಬರುವ ತೂತಿಗೆ ಸಿಕ್ಕಿಸಿ ಮೊದಲು ಊದಿ, ಹಾರಿ ಬಿದ್ದದ್ದನ್ನು ಆಮೇಲೆ ಹೀರುವುದು ನಾನು ಕಂಡುಕೊಂಡ ಉಪಾಯ. ಬೂತ್ ಕೇಳಿದ್ದರೆ ನಗುತ್ತಿದ್ದನೇನೋ.

ನೀರು ಹೀರುವ ಸಾಮರ್ಥ್ಯ ಜಾಹೀರಾತಿನ ಅಲಂಕಾರವೆಂದು ತಿಳಿದಿದ್ದವನು ನಾನು. ಮಳೆಯಲ್ಲಿ ಕಿಟಕಿ ತೆರೆದಿಟ್ಟು ಕಾರಿನ ಕಾಲಡಿಯೆಲ್ಲ ನೀರಾದ ದಿನ ಅಭಿಪ್ರಾಯ ಬದಲಾಯಿತು. ಕಾರ್ಪೆಟ್ಟಿನ ಕೆಳಗಿನ ಸ್ಪಂಜಿನಲ್ಲಿ ನಿಂತ ನೀರನ್ನು ಬಟ್ಟೆಯಿಂದ ತೆಗೆಯಲಾಗುವುದಿಲ್ಲ. ಈ ಯಂತ್ರ ಅರ್ಧ ಗಂಟೆಯಲ್ಲಿ ಮೂರು ಲೀಟರಿನಷ್ಟು ಹೊರತೆಗೆಯಿತು. ಡ್ರಮ್ಮಿನಲ್ಲಿ ನೀರು ಒಂದು ಮಟ್ಟಕ್ಕೆ ಬಂದಾಗ ಒಳಗಿನ ತೇಲುಚೆಂಡು ಮೇಲೆದ್ದು ಗಾಳಿಯ ದಾರಿಯನ್ನು ಮುಚ್ಚುತ್ತದೆ. ಆ ಮಟ್ಟ ಡ್ರಮ್ಮಿನ ಬಾಯಿಗಿಂತ ಬಹಳ ಕೆಳಗಿರುವುದರಿಂದ, 20 ಲೀಟರ್ ಎಂದು ಬರೆದ ನನ್ನ ಡ್ರಮ್ಮು ನಿಜವಾಗಿ ಹಿಡಿಯುವ ನೀರು 12 ಲೀಟರಿನ ಆಸುಪಾಸು. ಇದನ್ನು ದೋಷವೆನ್ನಲಾರೆ. ನಿಜವಾದ ಅಪಾಯ ನೊರೆಯದು. ಸೀಟುಗಳನ್ನು ಶ್ಯಾಂಪೂ ಹಾಕಿ ಉಜ್ಜಿ ಹೀರುತ್ತಿದ್ದಾಗ ಒಮ್ಮೆ ಯಂತ್ರದ ಹಿಂಬದಿಯಿಂದ ನೊರೆ ಬುಸುಬುಸು ಹೊರಬಂತು. ಡ್ರಮ್ಮಿನಲ್ಲಿದ್ದ ನೀರು ನಾಲ್ಕು ಲೀಟರೂ ಇರಲಿಲ್ಲ. ತೇಲುಚೆಂಡನ್ನು ಎತ್ತುವ ತೂಕ ನೊರೆಗಿಲ್ಲ. ಅದು ಚೆಂಡಿನ ಪಕ್ಕದಿಂದ ನುಸುಳಿ ಫ್ಯಾನನ್ನು ಸೇರುತ್ತದೆ. ತಕ್ಷಣ ಪ್ಲಗ್ ಕಿತ್ತು, ಎರಡು ದಿನ ಮುಚ್ಚಳವನ್ನು ಗಾಳಿಗೆ ಬಿಟ್ಟು ಒಣಗಿಸಿದ್ದರಿಂದ ಉಳಿದುಕೊಂಡಿತು. ಅಂದಿನಿಂದ ಸೀಟು ತೊಳೆಯಲು ಬಹಳ ಕಡಿಮೆ ಶ್ಯಾಂಪೂ ಬಳಸುತ್ತೇನೆ, ನೊರೆ ಕೈಯಗಲ ಏರಿದೊಡನೆ ಡ್ರಮ್ಮನ್ನು ಖಾಲಿ ಮಾಡುತ್ತೇನೆ. ನೀರಿನ ಕೆಲಸಕ್ಕೆ, ವಿದ್ಯುತ್ ಸೋರಿದರೆ ತಾನೇ ಕಡಿತಗೊಳ್ಳುವ ರಕ್ಷಣೆಯಿರುವ ಸಾಕೆಟ್ಟನ್ನೇ ಬಳಸಬೇಕು. ಪೆಟ್ರೋಲ್ ಚೆಲ್ಲಿದ ಜಾಗಕ್ಕೆ, ಆರದ ಬೂದಿಗೆ ಇದನ್ನು ಹಚ್ಚಲೇಬಾರದು. ಫ್ಯಾನಿನ ಹಿಂದೆ ಕಿಡಿ ಹಾರುವ ಮೋಟರಿದೆ.

ಫಿಲ್ಟರಿನ ವಿಷಯದಲ್ಲಿ ಈ ಯಂತ್ರ ಯಾವ ಅಲಕ್ಷ್ಯವನ್ನೂ ಸಹಿಸುವುದಿಲ್ಲ. ಒಣ ಕಸಕ್ಕೆ ಮಡಿಕೆಯ ಕಾಗದದ ಫಿಲ್ಟರ್, ನೀರಿಗೆ ಸ್ಪಂಜಿನ ಫಿಲ್ಟರ್. ಬದಲಿಸುವುದನ್ನು ಮರೆತರೆ ಕಾಗದ ನೆನೆದು, ಅದರ ಮೇಲಿನ ಧೂಳು ಕೆಸರಾಗಿ ಗಟ್ಟಿಕಟ್ಟುತ್ತದೆ. ಗೋಡೆ ಕೊರೆದಾಗ ಉದುರಿದ ಗಾರೆಯ ಪುಡಿಯನ್ನು ಚೀಲ ಹಾಕದೆ ಹೀರಿದ ದಿನ ಹತ್ತೇ ನಿಮಿಷದಲ್ಲಿ ಫಿಲ್ಟರ್ ಕಟ್ಟಿಕೊಂಡಿತು. ಅಂಥ ನುಣ್ಣನೆಯ ಪುಡಿಗೆ ಚೀಲ ಬೇಕೇ ಬೇಕು, ಅದೂ ಕಾಗದದ್ದಲ್ಲ, ನಾರಿನ ಬಟ್ಟೆಯಂಥದ್ದು. ಕಾಗದದ ಚೀಲ ಚೂಪಾದ ಹರಳಿಗೆ ಹರಿಯುತ್ತದೆ. ತೊಳೆಯಬಹುದಾದ ಫಿಲ್ಟರನ್ನು ತೊಳೆದ ಮೇಲೆ ಒಂದು ಪೂರ್ತಿ ದಿನ ಒಣಗಲು ಬಿಡಬೇಕಾದ್ದರಿಂದ ನಾನು ಎರಡನ್ನು ಇಟ್ಟುಕೊಂಡಿದ್ದೇನೆ. ಧೂಳಿನ ಅಲರ್ಜಿ ಇರುವವರು ಮಾತ್ರ ಇಲ್ಲಿ ನಿಂತು ಯೋಚಿಸಬೇಕು. ಅತಿ ನುಣ್ಣನೆಯ ಧೂಳನ್ನೂ ತಡೆಯುವ ಹೆಪಾ ಎಂಬ ಬಗೆಯ ಫಿಲ್ಟರುಗಳಲ್ಲಿ ಹೆಚ್13 ದರ್ಜೆಯದು, ಅತಿ ಸುಲಭವಾಗಿ ನುಸುಳುವ ಗಾತ್ರದ ಕಣಗಳಲ್ಲೂ 99.95 ಶೇಕಡಾವನ್ನು ಹಿಡಿಯಬೇಕೆಂಬ ನಿಯಮವಿದೆ; ನನ್ನ ಯಂತ್ರದ ಮಾಮೂಲಿ ಫಿಲ್ಟರ್ ಆ ಮಟ್ಟದ್ದಲ್ಲ. ಕೆಲಸ ಮುಗಿದ ಮೇಲೆ ಕೋಣೆಯಲ್ಲಿ ಧೂಳಿನ ವಾಸನೆ ತೆಳುವಾಗಿ ಉಳಿಯುತ್ತದೆ.

ಮನೆಯೊಳಗಿನ ಬಳಕೆಯ ಬಗ್ಗೆ ಹೇಳುವುದು ಕಡಿಮೆ. ನೆಲಕ್ಕೆ, ಸೋಫಾಕ್ಕೆ, ಹಾಸಿಗೆಗೆ ಸಾಕು. ಸದ್ದು ಜೋರು, ಪಕ್ಕದಲ್ಲಿ ನಿಂತವರೊಂದಿಗೆ ಮಾತಾಡಬೇಕಾದರೆ ಯಂತ್ರ ನಿಲ್ಲಿಸಬೇಕು. ಮೆಟ್ಟಿಲ ಮೇಲೆ ಇದನ್ನು ಸಾಗಿಸುವುದು ಶಿಕ್ಷೆ. ತಿರುಗುವ ಬ್ರಶ್ ಇಲ್ಲದ್ದರಿಂದ ನಾಯಿಯ ಕೂದಲು ಬಟ್ಟೆಯನ್ನು ಬಿಟ್ಟು ಬರುವುದಿಲ್ಲ, ರಬ್ಬರ್ ಕೈಗವಸಿನಿಂದ ಮೊದಲು ಒರೆಸಿ ಗುಡ್ಡೆ ಮಾಡಿಕೊಳ್ಳಬೇಕು. ಚಿಕ್ಕ ಮನೆಯಿದ್ದು ಕಾರಿಲ್ಲದವರಿಗೆ ನಾನು ಈ ಬಗೆಯ ಯಂತ್ರವನ್ನು ಸೂಚಿಸುವುದಿಲ್ಲ.

ಈಗ ನಾಲ್ಕನೆಯ ವರ್ಷದ ಕೊನೆಗೆ ಹೀರುವಿಕೆ ಮತ್ತೆ ತಗ್ಗಿದಂತೆ ಕಂಡಿತು. ಫಿಲ್ಟರ್ ಹೊಸದು, ಹೋಸು ಖಾಲಿ. ಮುಚ್ಚಳ ಮತ್ತು ಡ್ರಮ್ಮಿನ ನಡುವೆ ಕಾಗದದ ಪಟ್ಟಿಯನ್ನಿಟ್ಟು ಚಿಲಕ ಬಿಗಿದು ಎಳೆದು ನೋಡಿದೆ. ಮೂರು ಕಡೆ ಬಿಗಿಯಾಗಿ ನಿಂತ ಪಟ್ಟಿ, ಹೊಸ ಚಿಲಕ ಹಾಕಿದ ಕಡೆ ಸಲೀಸಾಗಿ ಜಾರಿ ಬಂತು. ಗಾಳಿ ಸೋರದಂತೆ ಮುಚ್ಚಳದ ಅಂಚಿಗೆ ಕೂರಿಸಿದ ರಬ್ಬರ್ ಪಟ್ಟಿ ಅಲ್ಲಿ ಚಪ್ಪಟೆಯಾಗಿದೆ. ಅದನ್ನು ಕಳಚಿ, ಒರೆಸಿ, ಚಪ್ಪಟೆಯಾದ ಭಾಗ ಬೇರೆ ಕಡೆ ಬರುವಂತೆ ತಿರುಗಿಸಿ ಕೂರಿಸಿದ್ದೇನೆ. ಸದ್ಯಕ್ಕೆ ನಾಲ್ಕೂ ಕಡೆ ಕಾಗದದ ಪಟ್ಟಿ ಬಿಗಿಯಾಗಿ ನಿಲ್ಲುತ್ತಿದೆ.