ಖಾಲಿ ಸ್ಟ್ರಿಪ್ ತೋರಿಸಿ ಮೂರು ವರ್ಷ ನುಂಗಿದ ಹೊಟ್ಟೆ ಮಾತ್ರೆ

ಮಾತ್ರೆ: ಕ್ಲೋರ್‌ಡಯಾಜೆಪಾಕ್ಸೈಡ್ 5 ಮಿ.ಗ್ರಾಂ, ಕ್ಲಿಡಿನಿಯಂ 2.5 ಮಿ.ಗ್ರಾಂ, ಡೈಸೈಕ್ಲೋಮಿನ್ 10 ಮಿ.ಗ್ರಾಂ. ಮೂರೂ ಒಂದೇ ಮಾತ್ರೆಯಲ್ಲಿ.
ಯಾವುದಕ್ಕೆ: ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಪರೀಕ್ಷೆಯಲ್ಲಿ ಏನೂ ಕಾಣದೆ ಹೊಟ್ಟೆ ಹಿಂಡುವ, ಭೇದಿ ಆಗುವ ಕರುಳಿನ ತೊಂದರೆ)
ಬಳಸಿದ್ದು: 2019ರ ಜೂನ್‌ನಿಂದ 2022ರ ಆಗಸ್ಟ್‌ವರೆಗೆ
ರೇಟಿಂಗ್: ಮೊದಲ ಹದಿನೈದು ದಿನಕ್ಕೆ 5ಕ್ಕೆ 5. ಆಮೇಲಿನ ಮೂರು ವರ್ಷಕ್ಕೆ 5ಕ್ಕೆ 1. ಆ ಒಂದು ಅಂಕ ಮಾತ್ರೆಗೋ ನನಗೋ ಎನ್ನುವುದನ್ನು ಓದಿದ ಮೇಲೆ ನೀವೇ ಹೇಳಿ.

ನಾನು ದಾವಣಗೆರೆಯಲ್ಲಿ ಹೈಸ್ಕೂಲಿನ ಗಣಿತದ ಟೀಚರ್. ಬೆಳಿಗ್ಗೆ ಮನೆ ಬಿಡುವ ಹೊತ್ತಿಗೆ ಸರಿಯಾಗಿ ಹೊಟ್ಟೆ ಹಿಂಡುತ್ತಿತ್ತು. ಮೂರು ಸಲ ಟಾಯ್ಲೆಟ್ಟಿಗೆ ಓಡಿ, ಸ್ಕೂಟರ್ ಹತ್ತಿ, ಮೊದಲ ಪೀರಿಯಡ್ ಮುಗಿಯುವಷ್ಟರಲ್ಲಿ ಮತ್ತೆ ಅದೇ ಕಥೆ. ಭಾನುವಾರ ಮಾತ್ರ ಏನೂ ಇಲ್ಲ. ನನ್ನ ಕರುಳಿಗೂ ಟೈಮ್‌ಟೇಬಲ್ ಗೊತ್ತಿತ್ತು ಅನ್ನಿಸುತ್ತದೆ. ರಕ್ತ, ಮಲ, ಸ್ಕ್ಯಾನಿಂಗ್ ಎಲ್ಲ ಆಯಿತು. ಎಲ್ಲ ನಾರ್ಮಲ್. ಹೊಟ್ಟೆಯ ಡಾಕ್ಟರು ಮೂರು ಪ್ರಶ್ನೆ ಕೇಳಿದರು. ಮಲದಲ್ಲಿ ರಕ್ತ ಹೋಗುತ್ತದಾ? ತೂಕ ಇಳಿದಿದೆಯಾ? ರಾತ್ರಿ ನಿದ್ದೆಯಿಂದ ಎಬ್ಬಿಸುವಷ್ಟು ಭೇದಿ ಆಗುತ್ತದಾ? ಮೂರಕ್ಕೂ ಇಲ್ಲ ಎಂದೆ. ಹಾಗಾದರೆ ಇದು ಐಬಿಎಸ್, ಕರುಳಿಗೆ ಗಾಯ ಆಗಿಲ್ಲ, ಅದರ ನಡತೆ ಕೆಟ್ಟಿದೆ ಅಷ್ಟೇ ಎಂದರು. ದಿನಕ್ಕೆ ಮೂರು ಮಾತ್ರೆ, ಊಟಕ್ಕೆ ಅರ್ಧ ಗಂಟೆ ಮುಂಚೆ, ಹದಿನೈದು ದಿನ. ಆಮೇಲೆ ಬಂದು ತೋರಿಸಿ ಎಂದು ಬರೆದುಕೊಟ್ಟರು.

ನಾನು ಹೋಗಿ ತೋರಿಸಲಿಲ್ಲ. ಯಾಕೆಂದರೆ ಮಾತ್ರೆ ಅಷ್ಟು ಚೆನ್ನಾಗಿ ಕೆಲಸ ಮಾಡಿತು. ಎರಡನೇ ದಿನಕ್ಕೇ ಹಿಂಡುವುದು ನಿಂತಿತು. ಬೆಣ್ಣೆ ದೋಸೆ ತಿಂದು ನೇರ ಸ್ಕೂಲಿಗೆ ಹೋದೆ ಎಂದರೆ ನನ್ನಂಥ ಹೊಟ್ಟೆಯವರಿಗೆ ಅದರ ಬೆಲೆ ಗೊತ್ತಾಗುತ್ತದೆ. ಜೊತೆಗೆ ಮನಸ್ಸಿಗೂ ಏನೋ ಹಗುರ. ಇನ್‌ಸ್ಪೆಕ್ಷನ್‌ಗೆ ಯಾರು ಬಂದರೂ ಗಾಬರಿ ಇಲ್ಲ. ಹೊಟ್ಟೆ ಸರಿಯಾದ ಖುಷಿ ಇರಬೇಕು ಅಂದುಕೊಂಡೆ.

ಅದು ಖುಷಿ ಆಗಿರಲಿಲ್ಲ, ಕ್ಲೋರ್‌ಡಯಾಜೆಪಾಕ್ಸೈಡ್. ಮಾತ್ರೆಯಲ್ಲಿರುವ ಕ್ಲಿಡಿನಿಯಂ ಮತ್ತು ಡೈಸೈಕ್ಲೋಮಿನ್ ಕರುಳಿನ ಸೆಳೆತ ಸಡಿಲಿಸುತ್ತವೆ. ಕ್ಲೋರ್‌ಡಯಾಜೆಪಾಕ್ಸೈಡ್ ಮಾತ್ರ ಕೆಲಸ ಮಾಡುವುದು ಮೆದುಳಿನಲ್ಲಿ. ಗಾಬರಿ ಇಳಿಸಿ ಮಂಪರು ತರುವ ಬೆಂಜೊಡಯಾಜೆಪೈನ್ ಎಂಬ ಗುಂಪಿನಲ್ಲಿ ಮೊದಲು ಬಂದದ್ದೇ ಇದು. ಇದನ್ನು ಕಂಡುಹಿಡಿದವರು ಲಿಯೋ ಸ್ಟರ್ನ್‌ಬಾಕ್ ಎಂಬ ರಸಾಯನ ವಿಜ್ಞಾನಿ. 1957ರಲ್ಲಿ ಲ್ಯಾಬ್ ಕ್ಲೀನ್ ಮಾಡುವಾಗ ಮೂಲೆಯಲ್ಲಿ ಮರೆತುಹೋಗಿದ್ದ ಒಂದು ಪುಡಿ ಸಿಕ್ಕಿತಂತೆ. ಎಸೆಯುವ ಬದಲು ಪರೀಕ್ಷೆಗೆ ಕಳಿಸಿದರು. 1960ಕ್ಕೆ ಮಾರುಕಟ್ಟೆಗೆ ಬಂತು. ಹೊಟ್ಟೆಗೂ ಮನಸ್ಸಿಗೂ ನಂಟು ಇದೆ ಎಂದೇ ಇದನ್ನು ಕರುಳಿನ ಮಾತ್ರೆಗೆ ಸೇರಿಸಿದ್ದು. ಲೆಕ್ಕ ತಪ್ಪಲ್ಲ. ಆದರೆ ಚೀಟಿಯಲ್ಲಿ "ಹೊಟ್ಟೆಗೆ" ಎಂದಷ್ಟೇ ಇದ್ದರೆ ನಮ್ಮಂಥವರಿಗೆ ಹೇಗೆ ಗೊತ್ತಾಗಬೇಕು?

ಹದಿನೈದು ದಿನ ಮುಗಿದ ಮೇಲೆ ನಾನು ಮಾಡಿದ್ದು ಇಷ್ಟೇ. ಖಾಲಿ ಸ್ಟ್ರಿಪ್ ಪರ್ಸಿನಲ್ಲಿ ಇಟ್ಟುಕೊಂಡೆ. ಮನೆ ಹತ್ತಿರದ ಮೆಡಿಕಲ್ ಶಾಪಿನಲ್ಲಿ ಅದನ್ನು ತೋರಿಸಿದೆ. "ಎಷ್ಟು ಕೊಡ್ಲಿ ಮೇಡಂ?" ಎಂದರು. ಅಷ್ಟೇ. ಆಮೇಲೆ ಸ್ಟ್ರಿಪ್ ತೋರಿಸುವುದೂ ಬೇಕಿರಲಿಲ್ಲ, ಸ್ಕೂಟರ್ ನಿಲ್ಲಿಸಿದರೆ ಸಾಕಾಗುತ್ತಿತ್ತು.

ನಿಜಕ್ಕೂ ಇದು ಹಾಗೆ ಕೊಡುವ ಮಾತ್ರೆ ಅಲ್ಲ. 2014ರ ಮಾರ್ಚ್ 1ರಿಂದ ಇದು ಶೆಡ್ಯೂಲ್ ಎಚ್1 ಪಟ್ಟಿಯಲ್ಲಿದೆ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿ. ಸ್ಟ್ರಿಪ್ ಮೇಲೆ ಕೆಂಪು ಅಕ್ಷರದಲ್ಲಿ ಆರ್‌ಎಕ್ಸ್ ಗುರುತು, ಕೆಂಪು ಚೌಕದೊಳಗೆ ಎಚ್ಚರಿಕೆ ಇರಬೇಕು. ಅಂಗಡಿಯವರು ಚೀಟಿ ನೋಡಿ, ಡಾಕ್ಟರ ಹೆಸರು, ರೋಗಿಯ ಹೆಸರು, ಕೊಟ್ಟ ಮಾತ್ರೆ ಎಷ್ಟು ಎಂದು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಮಕ್ಕಳಿಗೆ "ಪ್ರಶ್ನೆಯನ್ನು ಎರಡು ಸಲ ಓದಿ" ಎಂದು ಹೇಳುವ ನಾನು ಆ ಕೆಂಪು ಚೌಕವನ್ನು ಒಂದು ಸಲವೂ ಓದಿರಲಿಲ್ಲ.

ಇನ್ನು ಸೈಡ್ ಎಫೆಕ್ಟ್. ಮೊದಲನೆಯದು ಬಾಯಿ ಒಣಗುವುದು. ದಿನಕ್ಕೆ ಆರು ಪೀರಿಯಡ್ ಮಾತಾಡುವವರಿಗೆ ಇದು ಸಣ್ಣ ವಿಷಯ ಅಲ್ಲ. ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಆಮೇಲೆ ಮಲಬದ್ಧತೆ. ಭೇದಿಗೆಂದು ಶುರು ಮಾಡಿದವಳು ಇಸಬ್‌ಗೋಲ್ ಕೊಳ್ಳಬೇಕಾಯಿತು. ಮಧ್ಯಾಹ್ನದ ಡೋಸ್ ತೆಗೆದುಕೊಂಡ ಮೇಲೆ ತೂಕಡಿಕೆ. ಒಂದು ಸಲ ಸಿಗ್ನಲ್ಲಿನಲ್ಲಿ ಹಸಿರು ಬಂದರೂ ಸುಮ್ನೆ ನಿಂತಿದ್ದೆ, ಹಿಂದಿನ ಆಟೋದವನು ಹಾರ್ನ್ ಹೊಡೆದ ಮೇಲೆ ಎಚ್ಚರ. ಈ ಮಾತ್ರೆ ನುಂಗಿ ಗಾಡಿ ಓಡಿಸಬಾರದಿತ್ತು. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಎಲ್ಲರೂ ಬೆವರಿನಲ್ಲಿ ತೋಯುತ್ತಿದ್ದರೆ ನನ್ನ ಮೈ ಒಣಗಿ ಕಾದ ಹಂಚಿನ ಹಾಗೆ ಇರುತ್ತಿತ್ತು. ಸೆಳೆತ ಸಡಿಲಿಸುವ ಈ ಜಾತಿಯ ಔಷಧಿ ಬೆವರನ್ನೂ ತಡೆಯುತ್ತದೆ, ಬಿಸಿಲಿನಲ್ಲಿ ಅದು ಅಪಾಯ ಎಂದು ತುಂಬಾ ತಡವಾಗಿ ತಿಳಿಯಿತು.

ಹೆಂಗಸರು ಇದನ್ನು ಗಮನಿಸಿ. ಮುಟ್ಟಿನ ನೋವಿಗೆ ನಮ್ಮಲ್ಲಿ ತುಂಬಾ ಜನ ನುಂಗುವುದು ಮೆಫೆನಾಮಿಕ್ ಆಸಿಡ್ ಜೊತೆ ಡೈಸೈಕ್ಲೋಮಿನ್ ಇರುವ ಮಾತ್ರೆ. ನಾನು ಅದನ್ನೂ ಇದನ್ನೂ ಒಟ್ಟಿಗೆ ನುಂಗುತ್ತಿದ್ದೆ. ಅಂದರೆ ಡೈಸೈಕ್ಲೋಮಿನ್ ಎರಡೂ ಕಡೆಯಿಂದ. ಅಂಥ ಒಂದು ದಿನ ನಾನೇ ಬೋರ್ಡ್ ಮೇಲೆ ಬರೆದ ಸಮೀಕರಣ ನನಗೇ ಮಸುಕಾಯಿತು. ಎದೆ ಡವಡವ. ಕುರ್ಚಿ ಎಳೆದುಕೊಂಡು ಕೂತೆ. ಬಿಪಿ ಇರಬೇಕು ಎಂದು ಸ್ಟಾಫ್ ರೂಮಿನಲ್ಲಿ ತೀರ್ಮಾನವಾಯಿತು. ನೆಗಡಿಗೆ ನುಂಗುವ, ನಿದ್ದೆ ಬರಿಸುವ ಮಾತ್ರೆಗಳೂ ಇದರ ಜೊತೆ ಸೇರಿದರೆ ಮಂಪರು ಜಾಸ್ತಿ ಆಗುತ್ತದೆ. ಕೊಡೀನ್ ಇರುವ ಕೆಮ್ಮಿನ ಸಿರಪ್ ಅಥವಾ ಮದ್ಯ ಸೇರಿದರಂತೂ ಉಸಿರಾಟವೇ ನಿಧಾನ ಆಗುವ ಭಯ ಇದೆ.

ನನ್ನ ಮೇಲೆ ನನಗೆ ಈಗಲೂ ಸಿಟ್ಟು ಬರುವುದು ಮಾವನ ವಿಷಯಕ್ಕೆ. 2021ರ ಜನವರಿ, ಅವರೆಕಾಯಿ ಕಾಲ. ಮಾವನಿಗೆ ಆಗ 74. ಪ್ರಾಸ್ಟೇಟ್ ತೊಂದರೆ ಮೊದಲೇ ಇತ್ತು. ಅವರೆಕಾಳಿನ ಸಾರು ಹೊಡೆದು ಹೊಟ್ಟೆ ಉಬ್ಬರ ಎಂದು ಒದ್ದಾಡುತ್ತಿದ್ದರು. "ನೀ ತಗೊಳ್ತೀಯಲ್ಲಮ್ಮಾ, ಆ ಗುಳಿಗೆ ಒಂದು ಕೊಡು" ಎಂದರು. ಕೊಟ್ಟೆ. ರಾತ್ರಿ ಇನ್ನೊಂದು ಕೇಳಿದರು, ಅದನ್ನೂ ಕೊಟ್ಟೆ. ಬೆಳಗಿನ ಜಾವ ಒಂದಕ್ಕೆ ಹೋಗಲು ಆಗುತ್ತಿಲ್ಲ ಎಂದು ಕಿಬ್ಬೊಟ್ಟೆ ಹಿಡಿದುಕೊಂಡು ಕೂತಿದ್ದರು. ಆಸ್ಪತ್ರೆಗೆ ಓಡಿದೆವು. ಪೈಪ್ ಹಾಕಿದ ಮೇಲೆ ಸಮಾಧಾನ. ಡ್ಯೂಟಿ ಡಾಕ್ಟರು ಸ್ಟ್ರಿಪ್ ನೋಡಿ, ಪ್ರಾಸ್ಟೇಟ್ ತೊಂದರೆ ಇದ್ದವರಿಗೆ, ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇದ್ದವರಿಗೆ ಇದನ್ನು ಕೊಡಬಾರದು, ವಯಸ್ಸಾದವರಿಗೆ ತಲೆ ಮಂಕಾಗಿ ಬೀಳುವ ಅಪಾಯ ಬೇರೆ ಎಂದರು. ಮಾವ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. "ಅವರೆಕಾಳು ಜಾಸ್ತಿ ಆಯ್ತು" ಎಂದೇ ಹೇಳಿಕೊಂಡು ಓಡಾಡಿದರು. ಅದರಿಂದ ನನಗೆ ಇನ್ನೂ ನಾಚಿಕೆ ಆಯಿತು. ಆದರೂ ನಾನು ಬಿಡಲಿಲ್ಲ ನೋಡಿ. ಅವರಿಗೆ ಆಗಲಿಲ್ಲ, ನನಗೆ ಆಗುತ್ತದೆ ಎಂದುಕೊಂಡೆ. ಅಷ್ಟರಲ್ಲಿ ದಿನಕ್ಕೆ ಮೂರು ಇದ್ದದ್ದು ನಾಲ್ಕಾಗಿತ್ತು. ಮೂರಕ್ಕೆ ಮೊದಲಿನ ಹಾಗೆ ಕೇಳುತ್ತಿರಲಿಲ್ಲ.

2022ರ ಮೇ. ಚಿಕ್ಕಪ್ಪನ ಮನೆ ಮದುವೆಗೆ ಶಿರಸಿಗೆ ಹೋದೆವು, ಆರು ದಿನ. ಎರಡನೇ ದಿನಕ್ಕೆ ಮಾತ್ರೆ ಮುಗಿಯಿತು. ಪೇಟೆಯ ಒಂದು ಅಂಗಡಿಯಲ್ಲಿ ಖಾಲಿ ಸ್ಟ್ರಿಪ್ ತೋರಿಸಿದೆ. ಹುಡುಗ ಅದನ್ನು ತಿರುಗಿಸಿ ನೋಡಿ, "ಚೀಟಿ ಬೇಕು ಮೇಡಂ, ಹಾಗೆ ಕೊಡಲಿಕ್ಕೆ ಬರುವುದಿಲ್ಲ" ಎಂದ. ಹೊಟ್ಟೆ ನೋವಿನ ಮಾತ್ರೆಗೂ ಚೀಟಿ ಕೇಳುತ್ತೀಯಲ್ಲಪ್ಪಾ ಎಂದು ನಾಲ್ಕು ಜನರ ಎದುರು ಜೋರು ಮಾಡಿ ಬಂದೆ. ಎರಡು ದಿನ ಏನೂ ಆಗಲಿಲ್ಲ. ಈ ಔಷಧಿ ಮೈಯಿಂದ ನಿಧಾನ ಇಳಿಯುತ್ತದೆ. ಹಾಗಾಗಿ ಬಿಟ್ಟ ತಕ್ಷಣ ಗೊತ್ತಾಗುವುದಿಲ್ಲ. ನಾಲ್ಕನೇ ರಾತ್ರಿ ಕಣ್ಣು ಮುಚ್ಚಲಿಲ್ಲ. ಬೆಳಿಗ್ಗೆ ಕೈ ನಡುಗಿ ಕಾಫಿ ಲೋಟ ತುಳುಕಿತು. ಕೂತಲ್ಲೇ ಬೆವರು. ಹೊಟ್ಟೆಯಂತೂ 2019ಕ್ಕಿಂತ ಕೆಟ್ಟದಾಗಿ ಹಿಂಡಿತು. ಮಾತ್ರೆ ಇಲ್ಲದೆ ನನ್ನ ರೋಗ ಇಷ್ಟು ಜೋರಾಯಿತು ಎಂದೇ ನಂಬಿದ್ದೆ.

ಚಿಕ್ಕಪ್ಪನ ಮಗ ಕುಡಿತ ಬಿಟ್ಟು ಆಗ ಒಂದು ವರ್ಷ ಆಗಿತ್ತು. ಅವನ ಕೈಗೆ ಸ್ಟ್ರಿಪ್ ಕೊಟ್ಟು ಬೇರೆ ಅಂಗಡಿ ನೋಡು ಎಂದೆ. ಸಣ್ಣ ಅಕ್ಷರ ಓದಿ ನನ್ನ ಮುಖ ನೋಡಿದ. "ಅಕ್ಕಾ, ಇದು ನಂಗೆ ಕುಡಿಯೋದು ಬಿಡಿಸುವಾಗ ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆ ಅಲ್ವಾ? ನೀನ್ಯಾಕೆ ತಗೊಳ್ತಿದೀಯ? ನಿನ್ನ ಕೈ ನಡುಕ ನೋಡಿದ್ರೆ ನನ್ನದೇ ನೆನಪಾಗುತ್ತೆ." ಅವನು ಹೇಳಿದ್ದು ನಿಜ. ಕುಡಿತ ಬಿಟ್ಟಾಗ ಬರುವ ನಡುಕ ಇಳಿಸಲು ಕೊಡುವುದು ಈ ಕ್ಲೋರ್‌ಡಯಾಜೆಪಾಕ್ಸೈಡನ್ನೇ, ಡೋಸ್ ಮಾತ್ರ ಜಾಸ್ತಿ.

ವಾಪಸ್ ಬಂದ ದಿನವೇ ನಮ್ಮ ಅಂಗಡಿಯಿಂದ ತಂದು ಒಂದು ನುಂಗಿದೆ. ಸ್ವಲ್ಪ ಹೊತ್ತಿಗೆ ಕೈ ಸುಮ್ಮನಾಯಿತು, ಹೊಟ್ಟೆಯೂ ಸುಮ್ಮನಾಯಿತು. ಆಗಲೇ ಭಯ ಆಗಿದ್ದು. ಮರುದಿನ ಮೂರು ವರ್ಷದ ಹಿಂದಿನ ಅದೇ ಡಾಕ್ಟರ ಹತ್ತಿರ ಹೋದೆ. ಫೈಲ್ ತೆಗೆದು, "ಇಲ್ಲಿ ಹದಿನೈದು ದಿನ ಅಂತ ಇದೆ" ಎಂದರು. ಬೈಯಲಿಲ್ಲ. ಒಂದೇ ಮಾತು ಗಟ್ಟಿಯಾಗಿ ಹೇಳಿದರು. ಇನ್ನು ಮೇಲೆ ಧೈರ್ಯ ಮಾಡಿ ಒಮ್ಮೆಲೇ ನಿಲ್ಲಿಸಬೇಡಿ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಈ ಇಡೀ ಬೆಂಜೊಡಯಾಜೆಪೈನ್ ಗುಂಪಿನ ಔಷಧಿಗಳ ಚಟ ಹತ್ತಿಸುವ ಗುಣ, ಬಿಡುವಾಗಿನ ಕಷ್ಟ ಎರಡನ್ನೂ ಲೇಬಲ್ಲಿನಲ್ಲಿ ಚೌಕದೊಳಗೆ ದೊಡ್ಡ ಎಚ್ಚರಿಕೆಯಾಗಿ ಅಚ್ಚು ಹಾಕಿಸಿದೆ. ಅಲ್ಲಿ ಈ ಮಾತ್ರೆ ಸಿಗುವುದು ಡೈಸೈಕ್ಲೋಮಿನ್ ಇಲ್ಲದೆ, ಎರಡೇ ಔಷಧಿ ಸೇರಿಸಿ. ಅದರ ಲೇಬಲ್ಲಿನಲ್ಲಿ ಐಬಿಎಸ್‌ಗೆ ಇದು "ಉಪಯೋಗ ಆಗಬಹುದು" ಎಂದಷ್ಟೇ ಇದೆ, ಆಗುತ್ತದೆ ಎಂದಿಲ್ಲ.

ಬಿಡಲು ಮೂರು ತಿಂಗಳು ಹಿಡಿಯಿತು. ಡಾಕ್ಟರು ಹೇಳಿದಂತೆ ಮೊದಲು ನಾನೇ ಸೇರಿಸಿಕೊಂಡಿದ್ದ ನಾಲ್ಕನೆಯದು ಹೋಯಿತು. ಕೆಲವು ವಾರ ಬಿಟ್ಟು ಮಧ್ಯಾಹ್ನದ್ದು, ಆಮೇಲೆ ಬೆಳಗಿನದ್ದು. ಕೊನೆಗೆ ರಾತ್ರಿಯದ್ದು, ಅದೇ ಕಷ್ಟದ್ದು. ಇದು ನನ್ನ ಲೆಕ್ಕ. ನಿಮ್ಮದನ್ನು ನಿಮ್ಮ ಡಾಕ್ಟರೇ ಹಾಕಬೇಕು. ನಡುವೆ ನಮ್ಮೆಜಮಾನರು ನನ್ನ ಸಿಡುಕು ಸಹಿಸಿಕೊಂಡದ್ದಕ್ಕೆ ಬೇರೆ ರೇಟಿಂಗ್ ಕೊಡಬೇಕು.

ಈಗ ನನ್ನ ಹೊಟ್ಟೆಗೆ ಮೆಬೆವೆರಿನ್ ಎಂಬ ಬೇರೆ ಮಾತ್ರೆ ಇದೆ, ಸೆಳೆತ ಇದ್ದ ದಿನಗಳಿಗೆ ಮಾತ್ರ. ಅದರಲ್ಲಿ ಮಂಪರಿನ ಔಷಧಿ ಇಲ್ಲ. ಹಳೆಯ ಮಾತ್ರೆಯಷ್ಟು ಬೇಗ ಕೇಳುವುದೂ ಇಲ್ಲ, ಸುಳ್ಳು ಯಾಕೆ ಹೇಳಲಿ. ಬೆಳಿಗ್ಗೆ ಅರ್ಧ ಗಂಟೆ ಬೇಗ ಏಳುತ್ತೇನೆ, ಖಾಲಿ ಹೊಟ್ಟೆಗೆ ಕಾಫಿ ಬಿಟ್ಟಿದ್ದೇನೆ. ಅವರೆಕಾಳು, ಹಸಿ ಈರುಳ್ಳಿ ಸ್ಕೂಲ್ ಇರುವ ದಿನ ಇಲ್ಲ. ಮಂಡಕ್ಕಿ ಮಿರ್ಚಿ ಬಿಟ್ಟಿಲ್ಲ, ಶನಿವಾರ ಸಂಜೆಗೆ ಇಟ್ಟುಕೊಂಡಿದ್ದೇನೆ. ಡಾಕ್ಟರು ನಿಮಗೆ ನನ್ನ ಆ ಹಳೆಯ ಮಾತ್ರೆಯನ್ನೇ ಬರೆದುಕೊಟ್ಟರೆ ಹೆದರಿ ಎಸೆಯಬೇಡಿ. ಎಷ್ಟು ದಿನ, ನಿಲ್ಲಿಸುವುದು ಹೇಗೆ ಎಂದು ಅಲ್ಲೇ ಕೇಳಿ ಚೀಟಿಯ ಮೇಲೆ ಬರೆಸಿಕೊಳ್ಳಿ. ಗರ್ಭಿಣಿ ಆಗಿದ್ದರೆ ಅಥವಾ ಬೇರೆ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಗ್ಯಾಸ್ಟ್ರಿಕ್‌ಗೆಂದು ಕುಡಿಯುವ ಆಂಟಾಸಿಡ್ ಆದರೂ ಸರಿ.

ಹೋದ ಡಿಸೆಂಬರ್‌ನಲ್ಲಿ ಮತ್ತೆ ಶಿರಸಿಗೆ ಹೋಗಿದ್ದೆ. ಆ ಅಂಗಡಿ ಹಾಗೇ ಇದೆ, ಹುಡುಗನೂ ಅವನೇ. ನನ್ನ ಗುರುತು ಸಿಗಲಿಲ್ಲ. ಒಂದು ಪ್ಯಾಕೆಟ್ ಇಸಬ್‌ಗೋಲ್ ಕೇಳಿದೆ. "ಇದಕ್ಕೆ ಚೀಟಿ ಬೇಡ್ವಾ?" ಎಂದೆ. ಅವನಿಗೆ ಅರ್ಥ ಆಗಲಿಲ್ಲ, ಚಿಲ್ಲರೆ ಎಣಿಸಿ ಕೊಟ್ಟ.